450 ರೂಪಾಯಿ ಬ್ಯಾಟು, 4,500 ರೂಪಾಯಿ ಬ್ಯಾಟು: ರೊಕ್ಕ ಎಲ್ಲಿ ಹಾಕೂದು?

ಬೆಟಗೇರಿ_ಬ್ಯಾಕ್‌ಹ್ಯಾಂಡ್ (ಗದಗ)

ನಮಸ್ಕಾರ್ರಿ ಎಲ್ಲಾರಿಗೂ. ಓಣಿ ಸಭಾಭವನದಾಗ ಹುಡುಗರಿಗೆ ಟಿಟಿ (ಟೇಬಲ್ ಟೆನಿಸ್) ಶುರು ಮಾಡೂದೈತಿ. 9ರಿಂದ 14 ವರ್ಷದವ್ರು 20 ಮಂದಿ, ಟೇಬಲ್ ಒಂದ. ಕೈಯಾಗಿರೂದು 40,000 ರೂಪಾಯಿ. ಹುಬ್ಬಳ್ಳ್ಯಾಗ ಕೇಳಿದ ರೇಟು ಹಿಂಗದಾವು:

ಟೇಬಲ್ 12 ಎಂಎಂದು 14,000, 18 ಎಂಎಂದು 24,000, 25 ಎಂಎಂದು 42,000. ನೆಟ್ಟು 1,500. ಡಬ್ಬಿ ಬ್ಯಾಟು (ರಬ್ಬರ್ ಹಚ್ಚಿ ತಯಾರ ಮಾಡಿ ಮಾರೂದು) 450ಕ್ಕೂ ಐತಿ, 900ಕ್ಕೂ ಐತಿ. ಬ್ಲೇಡ್ (ಬ್ಯಾಟಿನ ಕಟಿಗಿ) ಬ್ಯಾರೆ, ರಬ್ಬರ್ ಬ್ಯಾರೆ ತಗೊಂಡು ಕೂಡಿಸಿದ್ರ 4,500. ಚೆಂಡು 10 ರೂಪಾಯಿದು, 28 ರೂಪಾಯಿದು, ಥ್ರೀ ಸ್ಟಾರ್ ಅಂದ್ರ 110.

450ರ ಬ್ಯಾಟು, 4,500ರ ಬ್ಯಾಟು ಮಗ್ಗಲಿಗೆ ಇಟ್ರ ನೋಡಾಕ ಎರಡೂ ಒಂದ ಥರ. ಡಬ್ಬಿ ಮ್ಯಾಲ ಎರಡಕ್ಕೂ "5 ಸ್ಟಾರ್" ಅಂತ ಬರದಾರ. ಹತ್ತು ಪಟ್ಟು ರೊಕ್ಕ ಯಾತಕ್ಕ? ಟೇಬಲ್ ದಪ್ಪ ಖರೇನ ಅಷ್ಟು ಮುಖ್ಯ ಏನ್ರಿ? ತಿಳದವ್ರು ಹೇಳ್ರಿ.

---

ಹಳೇಹುಬ್ಬಳ್ಳಿ_ಲೂಪ್

ಮೊದಲ ಚೆಂಡು, ಆಮ್ಯಾಲ ಟೇಬಲ್, ಆಮ್ಯಾಲ ರಬ್ಬರ್. ಬ್ಲೇಡಿನ ಕಟಿಗಿ ಕಡೀಕ. ಅಂಗಡ್ಯಾಗ ಇದನ್ನ ತಿರುಗಾಮುರುಗಾ ಹೇಳತಾರ, "ಕಾರ್ಬನ್" ಅಂತ ಬರದ ಬ್ಯಾಟಿನಿಂದ ಶುರು ಮಾಡತಾರ.

ಚೆಂಡಿನ ಲೆಕ್ಕ ಸರಳ ಐತಿ. ನಿಯಮದ ಪ್ರಕಾರ 40 ಎಂಎಂ ಅಡ್ಡಳತಿ, 2.7 ಗ್ರಾಂ ತೂಕ. 2014ರಿಂದ ದೊಡ್ಡ ಪಂದ್ಯದಾಗ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು ಬಂತು, ಅದರ ಮ್ಯಾಲ "40+" ಅಂತ ಇರತೈತಿ. 10 ರೂಪಾಯಿ ಚೆಂಡಿನ ಗೋಡಿ ಒಂದ ಸಮ ದಪ್ಪ ಇರೂದಿಲ್ಲ. ನಯವಾದ ಟೈಲ್ಸ್ ಮ್ಯಾಲ ಎರಡೂ ಬೆರಳಿನ್ಯಾಗ ಹಿಡದು ಬುಗುರಿ ತಿರುವಿದಂಗ ತಿರುವಿ ಬಿಡ್ರಿ. ಛಲೋ ಚೆಂಡು ನಿಂತಲ್ಲೇ ಸುಮ್ನ ತಿರುಗತೈತಿ. ಕೆಟ್ಟದ್ದು ನಡುಗತೈತಿ, ಸುತ್ತಾಡತೈತಿ. ಹಂತಾ ಚೆಂಡು ಟೇಬಲ್ ಮ್ಯಾಲ ಬಿದ್ದಾಗ ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ. ಹುಡುಗ ತನ್ನ ಕೈ ತಪ್ಪು ಅಂತ ತಿಳಕೊಂಡು ಸರಿ ಇದ್ದ ಹೊಡತ ಬದಲು ಮಾಡಕೊಂತಾನ. 28ರ ಟ್ರೇನಿಂಗ್ ಚೆಂಡು ತಗೋರಿ, 6 ಡಜನ್. ಥ್ರೀ ಸ್ಟಾರ್ ಪಂದ್ಯಕ್ಕ ಇರಲಿ, ಕಲಿಯಾಕ ಬ್ಯಾಡ. ಮತ್ತ ಗದಗಿನ ಗಾಳಿ ನಿಮಗ ಹೇಳಬೇಕಾಗಿಲ್ಲ, 2.7 ಗ್ರಾಂ ಚೆಂಡಿಗೆ ಎದುರಿನ ಎರಡು ಕಿಟಕಿ ತಗದಿದ್ರ ಸಾಕು. ಆಡೂ ಮುಂದ ಮುಚ್ಚರಿ, ಫ್ಯಾನ್ ಬಂದ್ ಮಾಡ್ರಿ.

ಇನ್ನ ಬ್ಯಾಟು. 450ರದನ್ನ ಅಡ್ಡ ಹಿಡದು ಅಂಚು ನೋಡ್ರಿ. ಕಟಿಗಿ, ಅದರ ಮ್ಯಾಲ ಸ್ಪಂಜು, ಅದರ ಮ್ಯಾಲ ರಬ್ಬರು, ಇಷ್ಟು ಪದರ ಎರಡರಾಗೂ ಅದಾವು. ಫರಕು ಐತಿ ಮುಟ್ಟಿದಾಗ. ಬ್ಯಾಟು ಅಂಗಾತ ಇಟ್ಟು ಚೆಂಡು ಮ್ಯಾಲಿಡ್ರಿ, ಅಂಗೈಯಿಂದ ಒತ್ತಿ ಮುಂದಕ್ಕ ಜಗ್ಗರಿ, ಉರುಳಿಸಬ್ಯಾಡ್ರಿ. ಛಲೋ ರಬ್ಬರ್ ಆದ್ರ ಚೆಂಡಿನ ಜೋಡಿ ಮ್ಯಾಲಿನ ಪದರನೂ ಮುಂದ ಎಳಕೊಂಡು ಹೋಗತೈತಿ, ಕಣ್ಣಿಗೆ ಕಾಣತೈತಿ, ಬಿಟ್ಟ ಕೂಡ್ಲೆ ವಾಪಸ್ ಬರತೈತಿ. ಅಗ್ಗದ್ದರ ಮ್ಯಾಲ ಚೆಂಡು ಸರಕ್ಕನ ಜಾರತೈತಿ. ಟಾಪ್‌ಸ್ಪಿನ್ ಅಂದ್ರ ಚೆಂಡನ್ನ ಒರಸಿ ಎತ್ತೂದು. ಜಾರೂ ರಬ್ಬರಿನ ಮ್ಯಾಲ ಒರಸಿದ ಚೆಂಡು ಸೀದಾ ನೆಟ್ಟಿಗೆ ಹೋಗತೈತಿ. ಎರಡ ದಿನದಾಗ ಹುಡುಗ ಒರಸೂದು ಬಿಟ್ಟು ಚಪ್ಪಾಳಿ ಹೊಡದಂಗ ಚಪ್ಪಟಿ ಬಡ್ಯಾಕ ಹತ್ತತಾನ. ಆ ಚಟ ಒಮ್ಮೆ ಕೂತ್ರ ಬಿಡಸೂದು ಭಾಳ ಕಷ್ಟ.

ಡಬ್ಬಿ ಮ್ಯಾಲಿನ ಸ್ಟಾರು, "ಸ್ಪೀಡ್ 95, ಸ್ಪಿನ್ 98" ಇವೆಲ್ಲಾ ಕಂಪನಿಯವ್ರು ತಾವ ಕೊಟ್ಟಕೊಂಡ ಮಾರ್ಕು. ಒಂದು ಕಂಪನಿ 5 ಸ್ಟಾರಿಗೂ ಇನ್ನೊಂದರದಕ್ಕೂ ಸಂಬಂಧ ಇಲ್ಲ.

ಕೂಡಿಸಿದ ಬ್ಯಾಟು ಮಾಡಸೂದಾದ್ರ 5 ಪದರದ ಬರೇ ಕಟಿಗಿ ಬ್ಲೇಡ್: ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಯಸಾಕಾ ಸ್ವೀಡನ್ ಎಕ್ಸ್‌ಟ್ರಾ, ಡೋನಿಕ್ ಅಪೆಲ್‌ಗ್ರೆನ್ ಆಲ್‌ಪ್ಲೇ, ಇದರಾಗ ಸಿಕ್ಕದ್ದು. ರಬ್ಬರ್ ಯಸಾಕಾ ಮಾರ್ಕ್ ವಿ, ರೊಕ್ಕ ಕಡಿಮಿ ಬಿದ್ರ ಫ್ರೆಂಡ್‌ಶಿಪ್ 729. ಸ್ಪಂಜು 1.8 ಎಂಎಂ. "ಮ್ಯಾಕ್ಸ್" (ಎಲ್ಲಾಕಿಂತ ದಪ್ಪ ಸ್ಪಂಜು) ಬ್ಯಾಡ, ಚೆಂಡು ತನ್ನಷ್ಟಕ್ಕ ಹಾರತೈತಿ, ಹುಡುಗರು ಹೆದರಿ ಕೈ ಬಿಗಿ ಹಿಡಿತಾರ. ಟೆನರ್ಜಿ 05 (ಪಳಗಿದವ್ರ ತುಟ್ಟಿ ರಬ್ಬರ್) ಹಚ್ಚರಿ ಅಂತ ಯಾರರ ಅಂದ್ರ ಕೈ ಮುಗದು ಬರ್ರಿ. ಒಂದು ಕಡೆ ಕೆಂಪು, ಒಂದು ಕಡೆ ಕರಿ ಇರಾಕಬೇಕು, ಅಷ್ಟ.

---

ಧಾರವಾಡ_ಲಾಂಗ್‌ಪಿಂಪಲ್

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಕರಿ ಕಡ್ಡಾಯ ಹೌದು, ಕೆಂಪು ಈಗ ಕಡ್ಡಾಯವಲ್ಲ. 2021ರ ಅಕ್ಟೋಬರ್‌ನಿಂದ ಕೆಂಪಿನ ಜಾಗದಲ್ಲಿ ಗುಲಾಬಿ, ನೇರಳೆ, ಹಸಿರು, ನೀಲಿಗೂ ಅವಕಾಶವಿದೆ. ಮಕ್ಕಳು ನೀಲಿ ಕೇಳಿದರೆ ಕೊಡಿಸಿ, ನಷ್ಟವೇನಿಲ್ಲ.

ಮುಂದೆ ಪಂದ್ಯಕ್ಕೆ ಕಳಿಸುವ ಯೋಚನೆ ಇದ್ದರೆ ರಬ್ಬರಿನ ಮೇಲೆ, ಹಿಡಿಕೆಯ ಹತ್ತಿರ, ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ) ಗುರುತು ಉಬ್ಬಿ ಮೂಡಿದೆಯೇ ನೋಡಿ. ಅದು ಇಲ್ಲದ ಬ್ಯಾಟನ್ನು ಪಂದ್ಯದಲ್ಲಿ ಬದಿಗಿಡಬಹುದು. 900ರ ಡಬ್ಬಿ ಬ್ಯಾಟುಗಳಲ್ಲೂ ಕೆಲವಕ್ಕೆ ಆ ಗುರುತು ಇರುತ್ತದೆ, 450ರದರಲ್ಲಿ ನಿರೀಕ್ಷೆ ಬೇಡ. ಸ್ಪಂಜು, ರಬ್ಬರು, ಅಂಟು ಸೇರಿ ಒಂದು ಬದಿಗೆ 4 ಎಂಎಂ ಮೀರುವಂತಿಲ್ಲ.

"ಕಾರ್ಬನ್" ಬಗ್ಗೆ: ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85 ಶೇಕಡಾ ಮರವೇ ಇರಬೇಕು. ನಡುವಿನ ಒಂದು ನಾರಿನ ಪದರ ಒಟ್ಟು ದಪ್ಪದ 7.5 ಶೇಕಡಾ ಅಥವಾ 0.35 ಎಂಎಂ, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲಬೇಕು. ಅಂದರೆ "ಫುಲ್ ಕಾರ್ಬನ್" ಎಂದು ಮಾರುವ ಬ್ಯಾಟು ಒಂದೋ ಸುಳ್ಳು, ಇಲ್ಲವೋ ನಿಯಮಬಾಹಿರ. ಅಸಲಿ ಕಾರ್ಬನ್ ಬ್ಲೇಡು ಗಡಸು. ಚೆಂಡು ಅದರ ಮೇಲೆ ನಿಲ್ಲುವ ಹೊತ್ತು ಕಡಿಮೆ, ಹಾಗಾಗಿ ಒರೆಸಲು ಸಮಯ ಸಿಗದು. ಪಳಗಿದ ಕೈಗೆ ಸರಿ, ಹತ್ತು ವರ್ಷದ ಮಗುವಿಗೆ ಅಲ್ಲ.

ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. 20 ಮಕ್ಕಳಿಗೆ ಕೂಡಿಸಿದ ಬ್ಯಾಟು ಬೇಡ. ಚಿಕ್ಕವರು ಸಿಟ್ಟಿಗೆ ಟೇಬಲ್ ಅಂಚಿಗೆ ಬ್ಯಾಟು ಕುಟ್ಟುತ್ತಾರೆ, ಮೊದಲು ಕಿತ್ತುಹೋಗುವುದು ತುದಿಯ ಸ್ಪಂಜು. 900ರದು ಎಂಟು ತೆಗೆದುಕೊಳ್ಳಿ, ಒಂದೇ ಒಂದು ಕೂಡಿಸಿದ್ದು ಇರಲಿ. ಕೈ ಕುದುರಿದವರಿಗೆ ಸರದಿಯಲ್ಲಿ ಕೊಡಿ. ಲೆಕ್ಕ: ಟೇಬಲ್ 24,000, ನೆಟ್ 1,500, ಚೆಂಡು 72ಕ್ಕೆ 2,016, ಎಂಟು ಬ್ಯಾಟು 7,200, ಕೂಡಿಸಿದ್ದು 4,500. ಒಟ್ಟು 39,216. ಉಳಿದದ್ದರಲ್ಲಿ ಅಂಟು, ಬ್ಯಾಟಿನ ಚೀಲ.

---

ಹಾವೇರಿ_ಪ್ಲೈವುಡ್

ಟೇಬಲ್ ಬಗ್ಗೆ ನಾ ಹೇಳತೀನಿ. ಅಳತಿ 2.74 ಮೀಟರ್ ಉದ್ದ, 1.525 ಅಗಲ, 76 ಸೆಂಮೀ ಎತ್ತರ. ನೆಟ್ಟು 15.25 ಸೆಂಮೀ. ಖರೇ ಪರೀಕ್ಷೆ ಪುಟಿತ: 30 ಸೆಂಮೀ ಮ್ಯಾಲಿಂದ ಚೆಂಡು ಬಿಟ್ರ ಸುಮಾರು 23 ಸೆಂಮೀ ಏಳಬೇಕು, ಅದೂ ಎಲ್ಲಾ ಕಡೆ ಒಂದ ಸಮ.

ದಪ್ಪ ಯಾಕ ಬೇಕಂದ್ರ ತೂಕಕ್ಕ. ಎಂಡಿಎಫ್ (ಕಟಿಗಿ ನಾರು ಒತ್ತಿ ಮಾಡಿದ) ಹಲಗಿ ಅಂತ ಹಿಡದ್ರ 25 ಎಂಎಂ ಟೇಬಲ್ಲಿನ ಬರೇ ಹಲಗಿನ 75 ಕಿಲೋ ಆಸುಪಾಸು, 18 ಎಂಎಂದು 54, 12 ಎಂಎಂದು 36. ಹಗುರ ಹಲಗಿ ಚೆಂಡು ಬಿದ್ದಾಗ ತಾನ ನಡುಗಿ ಪುಟಿತ ನುಂಗತೈತಿ. 12 ಎಂಎಂದಾಗ ಕೆಳಗಿನ ಫ್ರೇಮ್ ಇದ್ದಲ್ಲಿ ಚೆಂಡು ಏಳತೈತಿ, ಎರಡು ಪಟ್ಟಿ ನಡಬರಕ ಸತ್ತು ಬೀಳತೈತಿ. ಬೆರಳ ಗೆಣ್ಣಿಲೆ ಬಡದು ನೋಡ್ರಿ, ಸಪ್ಪಳದಾಗ ಗೊತ್ತಾಗತೈತಿ. 18 ಎಂಎಂ ನಿಮಗ ಸಾಕು, ಆದ್ರ ಸುತ್ತ ಕಬ್ಬಿಣ ಫ್ರೇಮ್ ಇರಾಕಬೇಕು.

ತಗೊಳ್ಳೂ ಮುಂದ ಇಷ್ಟು ಮಾಡ್ರಿ. ಗೌಂಡಿ ದಾರ ಮೂಲಿಯಿಂದ ಮೂಲಿಗೆ ಬಿಗಿಯಾಗಿ ಎಳೀರಿ, ನಡಬರಕ ಸಂದು ಕಂಡ್ರ ಹಲಗಿ ಸೊಟ್ಟ ಆಗೇತಿ. ರಸಮಟ್ಟ ಇಟ್ಟು ಎರಡೂ ಅರ್ಧ ನೋಡ್ರಿ, ನೆಟ್ಟಿನ ಕೆಳಗ ಕೂಡೂ ಕಡೆ ಮೆಟ್ಟಲಾ ಇರಬಾರ್ದು. ಬುಡದಾಗ ಸ್ಕ್ರೂ ಇದ್ದ ಕಾಲು ಇದ್ರ ನೆಲದ ತಗ್ಗು ದಿನ್ನಿ ಅದರಾಗ ಸರಿ ಮಾಡಕೊಬಹುದು. ಆಮ್ಯಾಲ ಟೇಬಲ್ ಮ್ಯಾಲ ಸ್ಕೇಲ್ ನೆಟ್ಟಗ ನಿಲ್ಲಿಸಿ ಒಂದೊಂದು ಅರ್ಧಕ್ಕ ಆರೇಳು ಜಾಗದಾಗ ಚೆಂಡು ಬಿಡ್ರಿ, ಫೋನಿನ ಸ್ಲೋ ಮೋಷನ್ನಾಗ ಹಿಡೀರಿ.

ಕೆಡೂದು ಅಂಚಿನಿಂದ. ಪಾರ್ಟಿಕಲ್ ಬೋರ್ಡ್ ಆಗಲಿ ಎಂಡಿಎಫ್ ಆಗಲಿ, ಅಂಚಿನ ಬಣ್ಣ ಎದ್ದಲ್ಲಿ ನೀರು ಹೊಕ್ಕು ಉಬ್ಬತೈತಿ, ಒಮ್ಮೆ ಉಬ್ಬಿದ್ದು ಇಳಿಯೂದಿಲ್ಲ. ಹಸಿ ಅರಬಿಲೆ ಒರಸಬ್ಯಾಡ್ರಿ, ಹಿಂಡಿದ ಅರಬಿಲೆ ಒರಸಿ ಕೂಡ್ಲೆ ಒಣಾ ಅರಬಿ ಎಳೀರಿ. ನೆಟ್ಟಿನ ಕ್ಲ್ಯಾಂಪಿಗೆ ತೆಳ್ಳನ ಫೆಲ್ಟ್ ಅಂಟಸ್ರಿ, ಬಣ್ಣ ಏಳೂದು ಅಲ್ಲೇ ಮೊದಲು.

ಬಡಗ್ಯಾರ ಕಡೆ ಪ್ಲೈವುಡ್ಡಿನಾಗ ಮಾಡಸತೀನಿ ಅಂತಿದ್ರ, ಅಗ್ಗದ ಪ್ಲೈದಾಗ ಒಳಗ ಪೊಳ್ಳು ಇರತಾವು, ಆ ಜಾಗದಾಗ ಚೆಂಡು ಏಳೂದಿಲ್ಲ. ಮ್ಯಾಲ ಎನಾಮಲ್ ಪೇಂಟ್ ಹಚ್ಚಿದ್ರ ಲೈಟು ಹೊಳೀತೈತಿ, ಚೆಂಡು ಜಾರತೈತಿ. ಮ್ಯಾಟ್ ಬಣ್ಣ ಬೇಕು.

---

ಬೆಟಗೇರಿ_ಬ್ಯಾಕ್‌ಹ್ಯಾಂಡ್

ಭಾಳ ಉಪಕಾರ ಆತ್ರಿ. 18 ಎಂಎಂ ಪಕ್ಕಾ. ಇನ್ನೊಂದು ಕೇಳೂದೈತಿ: 900ರ ಬ್ಯಾಟಿನ ರಬ್ಬರ್ ಸವದ್ರ ಹೊಸಾದು ಹಚ್ಚಬಹುದೇನು? ಅಂಟಿಗೆ ಫೆವಿಕಾಲ್ ನಡೀತೈತೇನ್ರಿ, ಇಲ್ಲಾ ಸೈಕಲ್ ಪಂಕ್ಚರ್ ಸೊಲ್ಯೂಷನ್?

---

ಹಳೇಹುಬ್ಬಳ್ಳಿ_ಲೂಪ್

ಫೆವಿಕಾಲ್ ಬ್ಯಾಡ. ಅದು ಒಣಗಿದ ಮ್ಯಾಲ ಕಲ್ಲಾಗತೈತಿ, ಸ್ಪಂಜಿನ ಮೆತ್ತಗಿನತನ ಹೋಗತೈತಿ, ಮುಂದ ಕೀಳೂ ಮುಂದ ಕಟಿಗಿ ಚೂರು ಕಿತ್ತು ಬರತೈತಿ. ಪಂಕ್ಚರ್ ಸೊಲ್ಯೂಷನ್ ಹಿಂದಿನ ಕಾಲದಾಗ ಆಟಗಾರರ ಹಚ್ಚತಿದ್ರು, ಅದರ ಆವಿ ಸ್ಪಂಜನ್ನ ಉಬ್ಬಿಸಿ ಚೆಂಡು ಜೋರಾಗಿ ಹೋಗತಿತ್ತು. ಆರೋಗ್ಯಕ್ಕ ಕೆಟ್ಟದ್ದು ಅಂತ 2008ರಾಗ ಹಂತಾ ಅಂಟು ಬಂದ್ ಮಾಡಿದ್ರು. ಈಗ ನೀರಿನ ಅಂಟು, ಟಿಟಿ ಸಾಮಾನು ಮಾರೂವರ ಕಡೆ ಸಿಗತೈತಿ.

ಡಬ್ಬಿ ಬ್ಯಾಟಿನ ರಬ್ಬರ್ ಗಟ್ಟಿ ಅಂಟಿನಾಗ ಕೂತಿರತೈತಿ. ಹೇರ್ ಡ್ರೈಯರ್ ಬಿಸಿ ತಾಗಿಸಿ ಹಿಡಿಕಿ ಮೂಲಿಯಿಂದ ಬ್ಲೇಡಿಗೆ ತಾಕಿದಂಗ ಮಡಿಚಿ, ಕಟಿಗಿ ಎಳಿ ಹೋದ ದಿಕ್ಕಿಗೆ ನಿಧಾನಕ್ಕ ಎಳೀರಿ. ಮ್ಯಾಲಕ್ಕ ಜಗ್ಗಿದ್ರ ಪದರ ಎದ್ದು ಬರತೈತಿ. ನಾ ಕೇಳಿದ್ರ, 900ರದಕ್ಕ ಇಷ್ಟೆಲ್ಲಾ ಮಾಡೂದು ಬ್ಯಾಡ. ಕೂಡಿಸಿದ್ದಕ್ಕ ಮಾಡ್ರಿ:

ಹೊಸಾ ಬ್ಲೇಡಿಗೆ ಮೊದಲ ನೀರಿನ ವಾರ್ನಿಶ್ ಅರಬಿಲೆ ಒಂದ ಸಲ ತೆಳ್ಳಗ ಒರಸಿ ರಾತ್ರಿಪೂರ್ತಿ ಒಣಗಸ್ರಿ, ಮುಂದ ಸಿಬಿರು ಏಳೂದಿಲ್ಲ. ಸ್ಪಂಜಿನ ಮ್ಯಾಲ ಒಂದು ಟೀ ಚಮಚ ಅಂಟು ಸುರವಿ ಸ್ಪಂಜಿನ ತುಂಡಿಲೆ ಅಂಚಿನ ತನಕ ಎಳೀರಿ. ಹಚ್ಚಿದಾಗ ಹಾಲಿನಂಗ ಬೆಳ್ಳಗಿರತೈತಿ, ಒಣಗಿದಂಗ ಪಾರದರ್ಶಕ ಆಗತೈತಿ. ಹೊಸಾ ಸ್ಪಂಜು ಮೊದಲನೇ ಸಲದ್ದು ಕುಡದುಬಿಡತೈತಿ, ಅದಕ್ಕ ಎರಡನೇ ಸಲ ಹಚ್ಚರಿ. ಬ್ಲೇಡಿಗೆ ಒಂದ ಸಲ ಸಾಕು. ಎರಡೂ ಪೂರ್ತಿ ಒಣಗಿದ ಮ್ಯಾಲನ ಕೂಡಸ್ರಿ. ಒಂದು ಬೆಳ್ಳನ ಕಲೆ ಉಳದ್ರೂ ಅಲ್ಲಿ ಗುಳ್ಳಿ ಏಳತೈತಿ.

ಹಿಡಿಕಿ ಕಡೆಯಿಂದ ನೆಟ್ಟಗ ಕೂಡಿಸಿ ಲಟ್ಟಣಿಗೀಲೆ ಮ್ಯಾಲಕ್ಕ ಉರುಳಿಸ್ಕೋತ ಹೋಗರಿ. ಚಪಾತಿ ಲಟ್ಟಿಸಿದಂಗ ಒತ್ತಿ ಎಳೀಬ್ಯಾಡ್ರಿ, ಎಳದ ರಬ್ಬರ್ ಆಮ್ಯಾಲ ಕುಗ್ಗಿ ಅಂಚು ಬಿಟ್ಟಕೊಳ್ತೈತಿ. ದಪ್ಪ ಪುಸ್ತಕದ ಕೆಳಗ ಅರ್ಧ ತಾಸು. ಆಮ್ಯಾಲ ರಟ್ಟಿನ ಮ್ಯಾಲ ರಬ್ಬರ್ ಕೆಳಗ ಮಾಡಿ ಹೊಸಾ ಕಟರ್ ಬ್ಲೇಡಿಲೆ ಕಟಿಗಿ ಅಂಚಿಗೆ ತಾಕಿಸಿ ಕೊಯ್ಯರಿ. ಹಳೇ ಕಟರ್ ಬ್ಲೇಡು ಸ್ಪಂಜನ್ನ ಹರೀತೈತಿ.

---

ಧಾರವಾಡ_ಲಾಂಗ್‌ಪಿಂಪಲ್

ಒಣಗುವ ಹೊತ್ತಿನ ಬಗ್ಗೆ ಒಂದು ಮಾತು. ಏಪ್ರಿಲ್‌ನಲ್ಲಿ ಗದಗಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಅಂಟು ತಿಳಿಯಾದರೆ, ಜುಲೈನ ಜಡಿಮಳೆಯಲ್ಲಿ ಧಾರವಾಡದಲ್ಲಿ ಮುಕ್ಕಾಲು ಗಂಟೆಯೂ ಬೇಕಾದೀತು. ಗಡಿಯಾರ ನೋಡಬೇಡಿ, ಬಣ್ಣ ನೋಡಿ.

ಆಟ ಮುಗಿದ ಮೇಲೆ ರಬ್ಬರನ್ನು ನೀರಿನಲ್ಲಿ ಹಿಂಡಿದ ಮೆತ್ತನೆಯ ಸ್ಪಂಜಿನಿಂದ ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ನಮ್ಮೂರನ್ನು ಧೂಳವಾಡ ಎನ್ನುವುದು ಸುಮ್ಮನೆ ಅಲ್ಲ. ಆ ಧೂಳಿನ ಪದರ ಕೂತರೆ 4,500ರ ಬ್ಯಾಟೂ 450ರದರಂತೆಯೇ ಜಾರುತ್ತದೆ. ಬೈಕಿನ ಡಿಕ್ಕಿಯಲ್ಲಿ ಬೇಸಿಗೆಯ ಮಧ್ಯಾಹ್ನ ಬ್ಯಾಟು ಬಿಡಬೇಡಿ, ಕಾವಿಗೆ ಮೇಲಿನ ಪದರ ಗಡಸಾಗಿ ಹಿಡಿತ ಹೋಗುತ್ತದೆ. ಒರೆಸಿದ ಮೇಲೂ ಚೆಂಡು ಜಾರುತ್ತಿದ್ದರೆ, ನಡುವಿನ ಭಾಗ ಅಂಚಿಗಿಂತ ನುಣುಪಾಗಿ ಕಂಡರೆ, ರಬ್ಬರು ಬದಲಿಸುವ ಹೊತ್ತು ಬಂದಿದೆ.