ಕ್ವಾಲಿಸ್‌ಗೆ ಗುಜರಿ ಎಂಜಿನ್: ಮನೆಯಲ್ಲೇ ಕೂರಿಸಬಹುದಾ?

ಸಿದ್ದಾಪುರ_ರೋಡ್
2003ರ ಟೊಯೊಟಾ ಕ್ವಾಲಿಸ್, 2ಎಲ್ (ಎಂಜಿನ್ ಮಾದರಿಯ ಹೆಸರು, ಲೀಟರ್ ಅಲ್ಲ) ಡೀಸೆಲ್. ಎಂಜಿನ್ ಬ್ಲಾಕ್ ಸೀಳಿದೆ, ವೆಲ್ಡಿಂಗ್ ಮಾಡಿದರೂ ನಿಲ್ಲಲ್ಲ ಅಂತ ಲೇತಿನವರು ಕೈ ಎತ್ತಿದ್ದಾರೆ. ಶಿವಾಜಿನಗರದ ಗುಜರಿಯಲ್ಲಿ ಅದೇ 2ಎಲ್ ಸಿಗ್ತಿದೆ, ಡೀಸೆಲ್ ಪಂಪು, ಆಲ್ಟರ್ನೇಟರ್ ಸಮೇತ. ಮನೆ ಮುಂದಿನ ಕಾಫಿ ಕಣ ಸಿಮೆಂಟಿನದು, ಮಟ್ಟವಾಗಿದೆ. ಭಾರ ಎತ್ತಲು ಒಂದು ಟನ್ನಿನ ಚೈನ್ ಬ್ಲಾಕ್ ಇದೆ. ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ. ತರುವ ಮುಂಚೆ ಏನೇನು ನೋಡಬೇಕು? ಗೇರ್‌ಬಾಕ್ಸ್ ಸಮೇತ ಇಳಿಸಬೇಕಾ, ಬರೀ ಎಂಜಿನ್ ಸಾಕಾ? ಆರ್‌ಸಿಗೆ ಏನು ಮಾಡಬೇಕು? ಮಳೆ ಹಿಡಿಯುವುದರೊಳಗೆ ಮುಗಿಸಬೇಕು.

ಡೀಸೆಲ್_ಪೊನ್ನಂಪೇಟೆ
ಸರ್, ಮೊದಲು ಬ್ಲಾಕಿನ ಮೇಲೆ ಕೊರೆದಿರುವ ನಂಬರ್ ನೋಡಿ. 2ಎಲ್ ಅಂತಲೇ ಇರಬೇಕು. 3ಎಲ್ ತೋರಿಸಿ "ಇದೂ ಕೂರುತ್ತೆ, ಪವರ್ ಜಾಸ್ತಿ" ಅನ್ನುವವರು ಇದ್ದಾರೆ. ನಿಮ್ಮದು 2446 ಸಿಸಿ, ಅದು 2779 ಸಿಸಿ. ಆರ್‌ಸಿಯಲ್ಲಿ ಸಿಸಿಯೇ ಬೇರೆಯಾದರೆ ಆರ್‌ಟಿಓದಲ್ಲಿ ಅಲೆಯಬೇಕಾಗುತ್ತದೆ. ನಂಬರಿನ ಜಾಗದಲ್ಲಿ ಗ್ರೈಂಡರ್ ಗುರುತು ಕಂಡರೆ ಬೆಲೆ ಕೇಳುವುದೂ ಬೇಡ.

ಸ್ಟಾರ್ಟ್ ಮಾಡಿ ತೋರಿಸಿದರೆ ಅದನ್ನೇ ನಂಬಬೇಡಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಆ ತೂತಿಗೆ ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಗೇಜ್ ಹಾಕಬೇಕು. ಪೆಟ್ರೋಲ್ ಎಂಜಿನ್ನಿನ ಗೇಜ್ ಈ ಒತ್ತಡ ತಡೆಯುವುದಿಲ್ಲ. ಚದರ ಸೆಂಟಿಮೀಟರ್‌ಗೆ 30 ಕೆಜಿ ಆಸುಪಾಸು ಬಂದರೆ ಎಂಜಿನ್ ಜೀವಂತ ಇದೆ ಅಂತ. 20ಕ್ಕಿಂತ ಇಳಿದಿದ್ದರೆ ಬಿಡಿ. ನಾಲ್ಕು ಸಿಲಿಂಡರ್ ನಡುವೆ 5ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೂ ಬಿಡಿ.

ಮನೆಗೆ ತಂದ ಮೇಲೆ ಹಾಗೇ ಎತ್ತಿ ಕೂರಿಸಬೇಡಿ, ಎಲ್ಲರೂ ಎಡವುವುದು ಇಲ್ಲೇ. ಬ್ಲಾಕಿನ ಮೇಲೆ ಕೂರುವ ಹೆಡ್ ಬಿಚ್ಚಿ ಲೇತಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. 2ಎಲ್ ಬಿಸಿ ತಡೆಯದ ಹೆಡ್. ಎರಡು ವಾಲ್ವ್ ಸೀಟಿನ ನಡುವೆ ಕೂದಲೆಳೆಯಷ್ಟು ಬಿರುಕು ಇರುತ್ತದೆ, ತಣ್ಣಗಿದ್ದಾಗ ಕಾಣುವುದೇ ಇಲ್ಲ. ಸಂಪೇಜೆ ಘಾಟಿ ಹತ್ತುವಾಗ ರೇಡಿಯೇಟರ್ ನೀರು ಹೊರಗೆ ಉಕ್ಕುವಾಗಲೇ ಗೊತ್ತಾಗೋದು. ಎಂಜಿನ್ ಕೆಳಗಿನ ಎಣ್ಣೆ ಚೇಂಬರ್ ಬಿಚ್ಚಿ, ಎಣ್ಣೆ ಸೋಸುವ ಸ್ಟ್ರೈನರ್ ನೋಡಿ: ತಳದಲ್ಲಿ ಡಾಂಬರಿನಂಥ ಗಸಿ ಇದ್ದರೆ ತೊಳೆಯಿರಿ, ತಾಮ್ರದ ಬಣ್ಣದ ಪುಡಿ ಇದ್ದರೆ ಬೇರಿಂಗ್ ಹೋಗಿದೆ. ಗುಜರಿಯಲ್ಲಿ ಮಳೆಗೆ ಬಾಯಿ ತೆರೆದು ಕೂತಿದ್ದ ಎಂಜಿನ್ನಿನ ಬೋರಿನಲ್ಲಿ (ಸಿಲಿಂಡರಿನ ಒಳಗೋಡೆ) ತುಕ್ಕಿನ ಗೆರೆ ಇರುತ್ತದೆ. ಹೆಡ್ ಬಿಚ್ಚಿದಾಗ ಅದನ್ನೂ ನೋಡಿಬಿಡಿ.

ಎಂಜಿನ್ ನೆಲದ ಮೇಲಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರ್ಯಾಂಕಿನ ಹಿಂದಿನ ಸೀಲ್, ಪೈಲಟ್ ಬೇರಿಂಗ್, ಕ್ಲಚ್ ಸೆಟ್ ಎಲ್ಲ ಹೊಸದು ಹಾಕಿ. ಹಿಂದಿನ ಸೀಲ್‌ಗೆ ನೂರಿನ್ನೂರು ಉಳಿಸಿದರೆ ಆಮೇಲೆ ಎಣ್ಣೆ ಕ್ಲಚ್ಚಿಗೆ ಇಳಿದು ಎಲ್ಲ ಮತ್ತೆ ಬಿಚ್ಚಬೇಕಾಗುತ್ತದೆ. ಬೆಲ್ಟ್ ಹಾಕುವಾಗ ಕ್ರ್ಯಾಂಕ್, ಕ್ಯಾಮ್, ಡೀಸೆಲ್ ಪಂಪ್ ಮೂರರ ಗುರುತೂ ಕೂಡಬೇಕು. ಹಾಕಿದ ಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ.

ಹದಿನಾಲ್ಕರ_ಸ್ಪ್ಯಾನರ್
ಬರೀ ಎಂಜಿನ್ ಇಳಿಸಿ. ಗೇರ್‌ಬಾಕ್ಸ್ ಸಮೇತ ಎಳೆಯಲು ತುಂಬಾ ಎತ್ತರ ಬೇಕು, ಉದ್ದವೂ ಜಾಸ್ತಿ.

ಚೈನ್ ಬ್ಲಾಕನ್ನು ಹೆಂಚಿನ ಮನೆಯ ತೊಲೆಗೋ ಹಸಿ ಸಿಲ್ವರ್ ಓಕ್ ಕಂಬಕ್ಕೋ ಕಟ್ಟಬೇಡಿ. ದಪ್ಪ ಜಿಐ ಪೈಪಿನ ಮುಕ್ಕಾಲಿ ಮಾಡಿಸಿ, ಕಾಲು ಜಾರದಂತೆ ಮೂರನ್ನೂ ಚೈನಿನಿಂದ ಬಿಗಿಯಿರಿ. ಎಂಜಿನ್ ಮೇಲೆ ಎದ್ದ ಮೇಲೆ ಮುಕ್ಕಾಲಿ ಅಲ್ಲೇ ಇರಲಿ, ಗಾಡಿಯನ್ನು ಹಿಂದಕ್ಕೆ ತಳ್ಳಿ. ನೇತಾಡುವ ಎಂಜಿನ್ ಕೆಳಗೆ ಯಾರೂ ನುಗ್ಗಬಾರದು.

ಬ್ಯಾಟರಿ ತೆಗೆದು, ಬಾನೆಟ್ ಹಿಂಜಿನ ಗುರುತು ಹಾಕಿಕೊಂಡು ಬಿಚ್ಚಿ. ನೀರು, ಎಣ್ಣೆ ಇಳಿಸಿ ರೇಡಿಯೇಟರ್ ಹೊರಗೆ. ಎಸಿ ಕಂಪ್ರೆಸರ್, ಸ್ಟೀರಿಂಗ್ ಪಂಪಿನ ಪೈಪ್ ಬಿಚ್ಚುವುದು ಬೇಡ. ಹಾಗೇ ಪಕ್ಕಕ್ಕೆ ಕಟ್ಟಿ, ಗ್ಯಾಸಿನ ದುಡ್ಡು ಉಳಿಯುತ್ತದೆ. ಸೈಲೆನ್ಸರ್ ಪೈಪಿನ ನಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ, ನಮ್ಮ ಕಡೆ ಗಾಡಿಗಳಲ್ಲಿ ಅವು ಸುಮ್ಮನೆ ಬಿಚ್ಚುವುದಿಲ್ಲ. ಪ್ರತಿ ವೈರಿಗೂ ಹೋಸಿಗೂ ಚೀಟಿ ಅಂಟಿಸಿ ಫೋಟೋ ತೆಗೆಯಿರಿ. ಗೇರ್‌ಬಾಕ್ಸಿನಿಂದ ಎಂಜಿನ್ ಬಿಡಿಸುವ ಮುಂಚೆ ಅದರ ಕೆಳಗೆ ಜಾಕ್ ಕೊಡಿ.

ಕೂರಿಸುವಾಗ ಕ್ಲಚ್ ಪ್ಲೇಟನ್ನು ಬೇರೆ ಗೇರ್‌ಬಾಕ್ಸಿನ ಹಳೆ ಇನ್‌ಪುಟ್ ಶಾಫ್ಟಿನಿಂದ ನಟ್ಟನಡುವೆ ನಿಲ್ಲಿಸಿ ಬಿಗಿಯಿರಿ. ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಮೂತಿ) ಕೊನೆಯ ಒಂದಿಂಚು ಕೂಡುತ್ತಿಲ್ಲ ಅಂತ ಬೋಲ್ಟ್ ಹಾಕಿ ಎಳೆದರೆ ಹೌಸಿಂಗಿನ ಕಿವಿ ಮುರಿಯುತ್ತದೆ. ಗಾಡಿ ಗೇರಿಗೆ ಹಾಕಿ, ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪ ತಿರುಗಿಸಿ; ಸ್ಪ್ಲೈನ್ (ಶಾಫ್ಟಿನ ಹಲ್ಲು) ಸಿಕ್ಕ ತಕ್ಷಣ ತಾನೇ ಒಳಗೆ ಹೋಗುತ್ತದೆ.

ಸಿದ್ದಾಪುರ_ರೋಡ್
ಗುಜರಿ ಎಂಜಿನ್ನಿನ ಜೊತೆ ಬರುವ ಆಲ್ಟರ್ನೇಟರ್ ಬಿಟ್ಟು ನನ್ನ ಹಳೆಯದನ್ನೇ ಹಾಕಬಹುದಾ?

ಹದಿನಾಲ್ಕರ_ಸ್ಪ್ಯಾನರ್
ಹಾಕಬಹುದು, ಆದರೆ ಅದರ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇರಲೇಬೇಕು. ಬ್ರೇಕ್ ಬೂಸ್ಟರ್ ನಡೆಯುವುದು ಅದರಿಂದಲೇ. ಅದಕ್ಕೆ ಎಣ್ಣೆ ಹೋಗುವ, ವಾಪಸ್ ಬರುವ ಹೋಸ್ ಎರಡೂ ಹೊಸದು ಹಾಕಿ. ಹೋಸ್ ಒಡೆದರೆ ಎಂಜಿನ್ ಎಣ್ಣೆ ಹೊರಗೆ ಹೋಗುತ್ತದೆ. ಪಂಪ್ ಕೆಟ್ಟರೆ ಪೆಡಲ್ ಕಲ್ಲಾಗುತ್ತದೆ. ಮಾಕುಟ್ಟ ಘಾಟಿ ಇಳಿಯುವಾಗ ಅದು ಗೊತ್ತಾಗುವುದು ಬೇಡ.

ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ಮರೆಯಬೇಡಿ. ಅದು ಬಿಟ್ಟುಹೋದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಹೊಗೆಯಾಡುತ್ತದೆ. ಸ್ಟಾರ್ಟರ್ ಕೆಟ್ಟಿದೆ ಅಂತ ಜನ ಅದನ್ನು ಬಿಚ್ಚುತ್ತಾ ಕೂರುತ್ತಾರೆ.

ಕುಶಾಲನಗರ_ಬೈಪಾಸ್
ಆರ್‌ಸಿ ವಿಷಯ. ಎಂಜಿನ್ ಬದಲಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಬೇಕು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಗುಜರಿಯವರಿಂದ ಎಂಜಿನ್ ನಂಬರ್ ಬರೆದ ಬಿಲ್ ಪಡೆಯಿರಿ, ಆ ಎಂಜಿನ್ ಇದ್ದ ಗಾಡಿಯ ಆರ್‌ಸಿ ನಕಲೂ ಕೇಳಿ. "ಬಿಲ್ ಆಮೇಲೆ ಕಳಿಸ್ತೀವಿ" ಅಂದರೆ ದುಡ್ಡೂ ಆಮೇಲೆ ಕೊಡಿ. ದುಡ್ಡು ಕೊಡುವ ಮುಂಚೆಯೇ ಮಡಿಕೇರಿ ಆಫೀಸಿನಲ್ಲಿ ಯಾವ ಕಾಗದ ಬೇಕು ಅಂತ ಕೇಳಿಕೊಂಡು ಬನ್ನಿ. ನಿಮ್ಮ ಗಾಡಿಗೆ ಹದಿನೈದು ವರ್ಷ ದಾಟಿದೆ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋದಾಗ ನಂಬರ್ ತಾಳೆ ನೋಡುತ್ತಾರೆ. ಇನ್ಶೂರೆನ್ಸಿನವರಿಗೂ ತಿಳಿಸಿ.

ಡೀಸೆಲ್_ಪೊನ್ನಂಪೇಟೆ
ಮೊದಲ ಸ್ಟಾರ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಡೀಸೆಲ್ ಪಂಪಿನ ಮೇಲಿರುವ, ಡೀಸೆಲ್ ನಿಲ್ಲಿಸುವ ಫ್ಯೂಯಲ್ ಕಟ್ ಸೊಲೆನಾಯ್ಡಿನ ವೈರ್ ತೆಗೆದಿಟ್ಟು, ಎಣ್ಣೆ ದೀಪ ಆರುವ ತನಕ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಆಮೇಲೆ ವೈರ್ ಹಾಕಿ, ಫಿಲ್ಟರ್ ಮೇಲಿನ ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ, ನಾಜಲ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯಿರಿ. ಎಲ್ಲ ಸರಿಯಿದ್ದೂ ಹಿಡಿಯದಿದ್ದರೆ ಮೊದಲು ಆ ಸೊಲೆನಾಯ್ಡಿಗೆ 12 ವೋಲ್ಟ್ ಬರುತ್ತಿದೆಯಾ ನೋಡಿ.

ಪಕ್ಕದಲ್ಲೊಂದು ದಪ್ಪ ಹಲಗೆ ಇರಲಿ. ಎಂಜಿನ್ ತಾನಾಗಿಯೇ ರೇಸ್ ಆಗಿ ಕೀ ಆಫ್ ಮಾಡಿದರೂ ನಿಲ್ಲದಿದ್ದರೆ ಗಾಳಿ ಎಳೆಯುವ ಬಾಯಿಗೆ ಹಲಗೆ ಮುಚ್ಚಿ, ಕೈ ಅಡ್ಡ ಇಡಬೇಡಿ.

ಕೂಲಂಟ್ ತುಂಬುವಾಗ ಗಾಡಿಯ ಮೂತಿ ಏರಿಗೆ ಇರಲಿ, ಹೀಟರ್ ತೆರೆದಿರಲಿ. ಮೊದಲ ಓಟ ಕುಶಾಲನಗರ ಕಡೆಯ ಸಮತಟ್ಟಿನಲ್ಲಿ. ತಣ್ಣಗಾದ ಮೇಲೆ ನೀರು, ಎಣ್ಣೆ ಮತ್ತೆ ನೋಡಿ, ಸುಂಟಿಕೊಪ್ಪದಿಂದ ಮಡಿಕೇರಿ ಏರು ಆಮೇಲೆ. ಹಳೆ ರೇಡಿಯೇಟರ್ ಮಾತ್ರ ತೊಳೆಸದೆ ಹಾಕಬೇಡಿ. ಮೊದಲಿನ ಬ್ಲಾಕ್ ಸೀಳಲು ಅದೇ ಕಾರಣವಾಗಿದ್ದರೆ ಇದಕ್ಕೂ ಅದೇ ಗತಿ.