ಸಿಎನ್‌ಸಿ ಸೆಟ್ಟರ್ ಕೆಲಸದಿಂದ ಹೆಚ್ಚು ಸಂಬಳದ ಕೆಲಸಕ್ಕೆ: ಟೆಸ್ಟಿಂಗ್ ಕೋರ್ಸ್ ಸೇರಲೇ, ಇದೇ ಕ್ಷೇತ್ರದಲ್ಲಿ ಮೇಲೇರಲೇ?

ಪ್ರಶ್ನೆ: ಹಾಸನದವ

ನನಗೆ ಈಗ 29 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಜಾಬ್‌ವರ್ಕ್ ಕಾರ್ಖಾನೆಯಲ್ಲಿ ಆಪರೇಟರ್ ಆಗಿ ಸೇರಿದವನು, ಏಳು ವರ್ಷಗಳ ನಂತರವೂ ಅಲ್ಲಿಯೇ ಇದ್ದೇನೆ. ಸದ್ಯ ಮೂರು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್) ಯಂತ್ರಗಳ ಸೆಟ್ಟಿಂಗ್ ನೋಡಿಕೊಳ್ಳುತ್ತೇನೆ. ಪೀಸನ್ನು ಹಿಡಿದಿಡುವ ಫಿಕ್ಸ್‌ಚರ್ ಕೂರಿಸುವುದು, ಟೂಲ್ ಮತ್ತು ಪೀಸಿನ ಸ್ಥಾನವನ್ನು ಯಂತ್ರಕ್ಕೆ ತಿಳಿಸುವ ಆಫ್‌ಸೆಟ್ ತೆಗೆಯುವುದು, ಮೊದಲ ಪೀಸನ್ನು ಅಳತೆಗೆ ತರುವುದು, ಫೀಡ್ ಮತ್ತು ಸ್ಪೀಡ್ ತಿದ್ದುವುದು ನನ್ನ ಹೊಣೆ. ಪ್ರೋಗ್ರಾಂ ಮಾತ್ರ ಆಫೀಸಿನಿಂದ ಸಿದ್ಧವಾಗಿ ಬರುತ್ತದೆ.

ಮೂಲ ವೇತನ ₹16,000. ಭತ್ಯೆಗಳನ್ನು ಸೇರಿಸಿ, ಎಲ್ಲ ಕಡಿತ ಕಳೆದು ₹18,000 ಕೈಗೆ ಬರುತ್ತದೆ; ಓಟಿ ಸೇರಿದರೆ ₹24,000 ಆಗುತ್ತದೆ. ಮಗಳು ಮುಂದಿನ ವರ್ಷ ಶಾಲೆಗೆ ಸೇರಬೇಕು, ಊರಿನಿಂದ ತಂದೆ ತಾಯಿಯರೂ ನಮ್ಮೊಂದಿಗೆ ಬಂದಿದ್ದಾರೆ. ನಮ್ಮ ಬಡಾವಣೆಯ ಸಮೀಪದ ಒಂದು ತರಬೇತಿ ಕೇಂದ್ರದವರು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ₹65,000 ಶುಲ್ಕ ಕೇಳುತ್ತಿದ್ದು, ಮುಗಿದ ಕೂಡಲೇ ಕೆಲಸ ಖಚಿತ ಎನ್ನುತ್ತಿದ್ದಾರೆ. ಬಂಧುಗಳೆಲ್ಲರೂ ಐಟಿಗೆ ಹೋಗು ಎಂದೇ ಹೇಳುತ್ತಾರೆ. ಕೆಲಸ ಬಿಟ್ಟು ಈ ಕೋರ್ಸ್ ಸೇರುವುದು ಸರಿಯೇ, ಅಥವಾ ನನ್ನ ಕೆಲಸದಲ್ಲಿಯೇ ಸಂಬಳ ಹೆಚ್ಚಿಸಿಕೊಳ್ಳುವ ದಾರಿ ಇದೆಯೇ? ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ: ಮೈಕ್ರಾನ್

ನಾನೂ ಸೆಟ್ಟರ್ ಆಗಿದ್ದವನೇ; ಈಗ ದೇವನಹಳ್ಳಿ ಕಡೆಯ ವಿಮಾನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕ್ಯಾಮ್ ಪ್ರೋಗ್ರಾಮರ್, ಅಂದರೆ ಕಂಪ್ಯೂಟರಿನಲ್ಲಿ ಯಂತ್ರದ ಪ್ರೋಗ್ರಾಂ ಹಾಕುವವನು, ಆಗಿದ್ದೇನೆ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು ಎಂದುಕೊಂಡೇ ಓದಿ.

"ಪ್ರೋಗ್ರಾಂ ಮಾತ್ರ ಆಫೀಸಿನಿಂದ ಬರುತ್ತದೆ" ಎಂದು ನೀವು ಬರೆದಿದ್ದೀರಲ್ಲ, ನಿಮ್ಮ ಸಂಬಳ ನಿಂತಿರುವುದು ಆ ಗೆರೆಯ ಬಳಿಯಲ್ಲಿಯೇ. ಆಫೀಸಿನಲ್ಲಿ ಕುಳಿತು ಟೂಲ್‌ಪಾತ್ (ಟೂಲ್ ಸಾಗಬೇಕಾದ ದಾರಿ) ಹಾಕುವವರಲ್ಲಿ ಅನೇಕರಿಗೆ ಯಂತ್ರದ ಮುಂದೆ ನಿಂತು ಅಭ್ಯಾಸವಿರುವುದಿಲ್ಲ. ತೆಳುಗೋಡೆಯ ಅಲ್ಯೂಮಿನಿಯಂ ಭಾಗವೊಂದು ಫಿಕ್ಸ್‌ಚರಿನಲ್ಲಿ ಬಿಗಿಯಾಗಿರುವಾಗ ಸರಿಯಾದ ಅಳತೆ ತೋರಿಸಿ, ಸಡಿಲಿಸಿದ ಕೂಡಲೇ ಬಾಗಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಮೀರುತ್ತದೆ ಎಂಬುದನ್ನು ಅವರು ಗುಜರಿಗೆ ಹೋದ ಪೀಸುಗಳನ್ನು ನೋಡಿ ಕಲಿಯುತ್ತಾರೆ. ನಿಮಗೆ ಅದು ಈಗಾಗಲೇ ಗೊತ್ತು. ಉದ್ದದ ಟೂಲ್ ಹೊರಚಾಚಿದಾಗ ಚಾಟರ್ (ಕಂಪನ) ಏಕೆ ಬರುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇನ್‌ಸರ್ಟ್ (ಟೂಲಿನ ಕತ್ತರಿಸುವ ತುದಿ) ಏಕೆ ಬೇಗ ಸವೆಯುತ್ತದೆ, ಯಾವ ಮೇಲ್ಮೈಯನ್ನು ಮೊದಲು ಹೊಡೆದರೆ ಮುಂದಿನ ಸೆಟಪ್‌ಗೆ ಆಧಾರ ಸಿಗುತ್ತದೆ ಎಂಬ ತಿಳಿವಳಿಕೆಯ ಮೇಲೆ ಸಾಫ್ಟ್‌ವೇರ್ ಕಲಿಯುವುದು, ಸಾಫ್ಟ್‌ವೇರ್ ಬಲ್ಲವನು ಈ ತಿಳಿವಳಿಕೆ ಗಳಿಸುವುದಕ್ಕಿಂತ ಬಹಳ ಸುಲಭ.

ಹಾಗಾಗಿ ನಿಮಗೆ ಬೇಕಾಗಿರುವುದು ಎರಡೇ: ಜಿಡಿ ಅಂಡ್ ಟಿ (ಆಕಾರ, ಸ್ಥಾನಗಳ ಟಾಲರೆನ್ಸ್ ಹೇಳುವ) ಚಿಹ್ನೆಗಳಿರುವ ಡ್ರಾಯಿಂಗನ್ನು ತಡವರಿಸದೆ ಓದುವುದು, ಒಂದು ಕ್ಯಾಮ್ ಸಾಫ್ಟ್‌ವೇರಿನಲ್ಲಿ ಕೈ ಪಳಗುವುದು. ಪೊಸಿಷನ್ ಟಾಲರೆನ್ಸ್, ಡೇಟಮ್, ಪ್ರೊಫೈಲ್ ಇವುಗಳ ಅರ್ಥ ತಿಳಿಯದಿದ್ದರೆ ವಿಮಾನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಸಂದರ್ಶನ ಐದು ನಿಮಿಷಕ್ಕೇ ಮುಗಿಯುತ್ತದೆ. ಸಾಫ್ಟ್‌ವೇರಿನ ವಿಚಾರದಲ್ಲಿ, ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಮಾಸ್ಟರ್‌ಕ್ಯಾಮ್ ಹೆಚ್ಚಾಗಿ ಕಾಣುತ್ತದೆ. ವಿಮಾನ ಬಿಡಿಭಾಗಗಳ ಕಡೆ ಎನ್‌ಎಕ್ಸ್, ಕಾಟಿಯಾ. ಅಚ್ಚು ತಯಾರಿಸುವ ಟೂಲ್‌ರೂಮುಗಳಲ್ಲಿ ಪವರ್‌ಮಿಲ್ ಮತ್ತು ಹೈಪರ್‌ಮಿಲ್. ಒಂದನ್ನು ಸರಿಯಾಗಿ ಕಲಿತವರಿಗೆ ಇನ್ನೊಂದು ಕಷ್ಟವಾಗುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಲು ಫ್ಯೂಷನ್ ಎಂಬ ಸಾಫ್ಟ್‌ವೇರಿನ ವೈಯಕ್ತಿಕ ಬಳಕೆಯ ಉಚಿತ ಆವೃತ್ತಿ ಸಾಕು. ಅದರಲ್ಲಿ ಐದು ಅಕ್ಷದ ಸೌಲಭ್ಯವಿಲ್ಲದಿದ್ದರೂ ಮೂರು ಅಕ್ಷದ ಟೂಲ್‌ಪಾತ್ ಹಾಕಿ ಅಭ್ಯಾಸ ಮಾಡಬಹುದು.

ತರಗತಿಗೆ ಹೋಗಲೇಬೇಕೆಂದರೆ 1972ರಿಂದ ನಡೆಯುತ್ತಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ನಾವೆಲ್ಲ ಜಿಟಿಟಿಸಿ ಎನ್ನುವ ಸಂಸ್ಥೆ, ರಾಜಾಜಿನಗರದಲ್ಲಿಯೇ ಇದೆ. ಅಲ್ಲಿ ಅಲ್ಪಾವಧಿ ಕೋರ್ಸುಗಳೂ ನಡೆಯುತ್ತವೆ. ಬರೀ ಕಂಪ್ಯೂಟರ್ ಸಾಲಿಟ್ಟು ಮೆನು ತೋರಿಸಿ ಪ್ರಮಾಣಪತ್ರ ಕೊಡುವ ಖಾಸಗಿ ಕೇಂದ್ರಗಳ ಬಗ್ಗೆ ನನಗೆ ಗೌರವವಿಲ್ಲ. ಟೂಲ್‌ಪಾತನ್ನು ಯಂತ್ರದ ಭಾಷೆಗೆ ಬದಲಿಸುವ ಪೋಸ್ಟ್ ಪ್ರೊಸೆಸರಿನಿಂದ ಹೊರಬಂದ ಕೋಡನ್ನು ಯಂತ್ರದಲ್ಲಿ ಓಡಿಸಿ ನೋಡಲು ಅವಕಾಶವಿರುವ ಕಡೆಗೇ ಹೋಗಿ.

ನಮ್ಮಲ್ಲಿ ಸಂಬಳ ಏರುವ ಮೆಟ್ಟಿಲು ಹೀಗಿದೆ: ಮೂರು ಅಕ್ಷ, ಅದರ ಮೇಲೆ 3+2 (ಎರಡು ಅಕ್ಷಗಳನ್ನು ಒಂದು ಕೋನದಲ್ಲಿ ನಿಲ್ಲಿಸಿ ಮೂರರಲ್ಲಿ ಕೊರೆಯುವುದು), ನಂತರ ಏಕಕಾಲದಲ್ಲಿ ಐದು ಅಕ್ಷ. ಟೈಟೇನಿಯಂ, ಇಂಕೊನೆಲ್‌ನಂಥ ಹಟಮಾರಿ ಲೋಹಗಳಲ್ಲಿ ಕೈಯಾಡಿಸಿದವರಿಗೆ ಇನ್ನೂ ಬೇಡಿಕೆ. ಮೊದಲ ಬದಲಾವಣೆಯಲ್ಲಿ ನನಗೆ ಸಿಕ್ಕ ಏರಿಕೆ ಸಾಧಾರಣವಾಗಿತ್ತು. ಐದು ಅಕ್ಷದ ಅನುಭವ ಬಂದ ಮೇಲೆ ಎರಡನೆಯ ಬಾರಿ ಕೆಲಸ ಬದಲಿಸಿದಾಗಲೇ ಮನೆಯ ಲೆಕ್ಕಾಚಾರ ಬದಲಾದದ್ದು. ಊರೂರು ತಿರುಗಲು ಅಭ್ಯಂತರವಿಲ್ಲದಿದ್ದರೆ ಯಂತ್ರ ತಯಾರಕರಲ್ಲಿ ಅಪ್ಲಿಕೇಷನ್ ಎಂಜಿನಿಯರ್ ಹುದ್ದೆಗಳೂ ಇರುತ್ತವೆ. ಗ್ರಾಹಕರ ಕಾರ್ಖಾನೆಗೆ ಹೋಗಿ, ಟೂಲಿಂಗ್ ಆರಿಸಿ, ಒಪ್ಪಿಕೊಂಡ ಸೈಕಲ್ ಟೈಮಿಗೆ ಪೀಸ್ ತೆಗೆದು ತೋರಿಸುವ ಕೆಲಸ ಅದು, ಸೆಟ್ಟರಿಗೆ ಹೇಳಿ ಮಾಡಿಸಿದಂತಿದೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ ನಡೆದಾಗ ಒಂದು ದಿನ ರಜೆ ಹಾಕಿ ಹೋಗಿ, ಅಂಥವರನ್ನು ಮಾತನಾಡಿಸಿ ಬನ್ನಿ.

ಉತ್ತರ: ವೈಟ್‌ಫೀಲ್ಡ್ ಪ್ರಯಾಣಿಕ

ನಾನು ಟೆಸ್ಟಿಂಗ್‌ನಲ್ಲಿದ್ದೇನೆ. ಐಟಿಗೆ ಬರಲೇಬಾರದು ಎಂದು ಹೇಳಲಾರೆ, ಬಿ.ಎಸ್ಸಿ., ಬಿ.ಕಾಂ. ಓದಿ ಬಂದು ಚೆನ್ನಾಗಿ ನೆಲೆಗೊಂಡವರು ನಮ್ಮ ತಂಡದಲ್ಲಿಯೇ ಇದ್ದಾರೆ. ಆದರೆ ಕೈಯಿಂದಲೇ ಪರೀಕ್ಷೆ ಮಾಡುವ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ಮೊದಲಿನಷ್ಟಿಲ್ಲ. ಈಗ ಜಾವಾ ಅಥವಾ ಪೈಥಾನ್ ಬರೆಯಲು ಬರಬೇಕು, ಪರೀಕ್ಷೆಯನ್ನು ತಾನಾಗಿ ನಡೆಸುವ ಸೆಲೆನಿಯಂ ಅಥವಾ ಪ್ಲೇರೈಟ್ ಗೊತ್ತಿರಬೇಕು, ಎಪಿಐ (ಸಾಫ್ಟ್‌ವೇರ್‌ಗಳ ನಡುವಿನ ಕೊಂಡಿ) ಪರೀಕ್ಷಿಸಲು ತಿಳಿದಿರಬೇಕು ಎನ್ನುತ್ತಾರೆ. ಮೂರು ತಿಂಗಳ ಕೋರ್ಸ್ ಅಲ್ಲಿಯವರೆಗೆ ಕರೆದೊಯ್ಯುವುದಿಲ್ಲ. ಅದಲ್ಲದೆ ಅನೇಕ ಕಂಪನಿಗಳ ಜಾಹೀರಾತಿನಲ್ಲಿ ಪದವಿ ಕಡ್ಡಾಯ ಎಂದೇ ಇರುವುದರಿಂದ, ಡಿಪ್ಲೊಮಾದ ಮೇಲಷ್ಟೇ ಹೋದರೆ ಬಾಗಿಲಲ್ಲಿಯೇ ತಡೆಯುತ್ತಾರೆ.

"ಕೆಲಸ ಖಚಿತ" ಎಂಬುದನ್ನು ಅವರು ಬರವಣಿಗೆಯಲ್ಲಿ ಕೊಡುತ್ತಾರೆಯೇ, ಕೆಲಸ ಸಿಗದಿದ್ದರೆ ಶುಲ್ಕ ಹಿಂತಿರುಗಿಸುತ್ತಾರೆಯೇ ಎಂದು ಕೇಳಿ ನೋಡಿ. ಬಹುಪಾಲು ಕಡೆ ಅದರ ಅರ್ಥ ಕೆಲವು ಸಂದರ್ಶನಗಳಿಗೆ ಕಳುಹಿಸುತ್ತೇವೆ ಎಂದಷ್ಟೇ. ಇನ್ನೂ ಒಂದು ಎಚ್ಚರಿಕೆ ಅಗತ್ಯ. ಕೆಲವು ಕೇಂದ್ರಗಳು ಎರಡು ಮೂರು ವರ್ಷಗಳ ಸುಳ್ಳು ಅನುಭವಪತ್ರ ಮಾಡಿಕೊಟ್ಟು ಅಭ್ಯರ್ಥಿಗಳನ್ನು ಕಳುಹಿಸುತ್ತವೆ. ಹಿನ್ನೆಲೆ ಪರಿಶೀಲನೆಯಲ್ಲಿ ಯುಎಎನ್ (ಪಿಎಫ್ ಸದಸ್ಯರ ಗುರುತು) ಸಂಖ್ಯೆಯ ಮೂಲಕ ನಿಮ್ಮ ಪಿಎಫ್ ಚರಿತ್ರೆ ನೋಡಿದರೆ, ಆ ವರ್ಷಗಳಲ್ಲಿ ನೀವು ಪೀಣ್ಯದ ಕಾರ್ಖಾನೆಯಲ್ಲಿದ್ದುದು ದಿನಾಂಕ ಸಮೇತ ತಿಳಿಯುತ್ತದೆ. ಸೇರಿದ ಮೇಲೆ ಹೀಗೆ ಸಿಕ್ಕಿಬಿದ್ದು ಒಂದೇ ವಾರದಲ್ಲಿ ಹೊರಬಿದ್ದವರನ್ನು ನೋಡಿದ್ದೇನೆ.

ಬರುವುದಾದರೆ ಮೊದಲು ಪದವಿ ಮಾಡಿಕೊಳ್ಳಿ. ಡಿಪ್ಲೊಮಾದವರಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಬಿ.ಇ. ಎರಡನೆಯ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ. ಸಂಸಾರವಿದ್ದು ಕೆಲಸ ಬಿಡಲಾಗದವರು, ಕೆಲಸ ಮಾಡುತ್ತಲೇ ಓದಲು ಅವಕಾಶವಿರುವ ಕಾಲೇಜುಗಳನ್ನು ವಿಚಾರಿಸುವುದು ಒಳ್ಳೆಯದು. ಮೆಕ್ಯಾನಿಕಲ್ ಪದವಿಯಾದರೂ ಅದು ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ.

ಉತ್ತರ: ಲೆಕ್ಕದ ಪುಸ್ತಕ

ಕಾರ್ಖಾನೆಗಳ ಸಂಬಳ ಪಟ್ಟಿ ತಯಾರಿಸುವುದು ನನ್ನ ವೃತ್ತಿ. ಯಾವ ಕ್ಷೇತ್ರ ಎಂಬುದನ್ನು ಮೇಲಿನವರು ಹೇಳಿದ್ದಾರೆ. ನಾನು ಹಣದ ವಿಷಯ ಮಾತ್ರ ಹೇಳುತ್ತೇನೆ.

ನಿಮ್ಮ ₹24,000ದಲ್ಲಿ ₹6,000 ಓಟಿಯದು. ಕಾರ್ಖಾನೆಯ ಕಾರ್ಮಿಕರಿಗೆ ಓಟಿಗೆ ಎರಡು ಪಟ್ಟು ದರ ಕೊಡಬೇಕೆಂಬ ನಿಯಮವಿದೆ, ಆದರೆ ಆಫೀಸಿನ ಸ್ಟಾಫ್ ಹುದ್ದೆಗೆ ಹೋದವರಿಗೆ ಸಾಮಾನ್ಯವಾಗಿ ಓಟಿ ಸಿಗುವುದಿಲ್ಲ, ಕೆಲಸದ ಹೊತ್ತೇನೂ ಕಡಿಮೆಯಾಗುವುದಿಲ್ಲ. ಉದಾಹರಣೆಗೆ ವರ್ಷಕ್ಕೆ ₹3.6 ಲಕ್ಷ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ವೆಚ್ಚ) ಎಂದು ಯಾರೋ ಹೇಳಿದರೆ ತಿಂಗಳಿಗೆ ₹30,000 ಎಂದು ಹಿಗ್ಗಬೇಡಿ. ಮೂಲ ವೇತನ ₹15,000 ಎಂದಿಟ್ಟುಕೊಂಡರೆ ಮಾಲೀಕರ ಪಾಲಿನ ಪಿಎಫ್ ₹1,800, ನಿಮ್ಮ ಪಾಲಿನದು ₹1,800, ಗ್ರಾಚ್ಯುಟಿಗೆಂದು ತೋರಿಸುವ 4.81 ಶೇಕಡಾ ಅಂದರೆ ಸುಮಾರು ₹720, ವೃತ್ತಿ ತೆರಿಗೆ ₹200, ಇಷ್ಟೂ ಅದರಲ್ಲಿಯೇ ಹೋಗಿ ಕೈಗೆ ಬರುವುದು ಸುಮಾರು ₹25,500. ಈಗಿನದಕ್ಕಿಂತ ₹1,500 ಮಾತ್ರ ಹೆಚ್ಚು. ದೇವನಹಳ್ಳಿಗೆ ದಿನವೂ ಓಡಾಡಬೇಕಾದರೆ, ಕಂಪನಿಯ ಬಸ್ ಇಲ್ಲದಿದ್ದಲ್ಲಿ, ಅದೂ ಉಳಿಯುವುದಿಲ್ಲ.

ಎರಡನೆಯದು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ. ಓಟಿ ಬಿಟ್ಟು ನಿಮ್ಮ ವೇತನ ₹21,000ದ ಒಳಗಿರುವುದರಿಂದ ಈಗ ನೀವು ಅದರ ವ್ಯಾಪ್ತಿಯಲ್ಲಿರಬೇಕು. ಆ ಮಿತಿ ಮೀರಿದ ಸಂಬಳದ ಹೊಸ ಕೆಲಸಕ್ಕೆ ಸೇರಿದವರು ಅದರಿಂದ ಹೊರಗುಳಿಯುತ್ತಾರೆ. ಹೊಸ ಕಂಪನಿಯ ಗುಂಪು ವಿಮೆಯಲ್ಲಿ ಹೆಂಡತಿ ಮಕ್ಕಳ ಜೊತೆಗೆ ತಂದೆ ತಾಯಿಯರೂ ಸೇರುತ್ತಾರೆಯೇ ಎಂದು ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು. ವಯಸ್ಸಾದವರಿಗೆ ಬೇರೆಯಾಗಿ ವಿಮೆ ಮಾಡಿಸಲು ಹೋದರೆ ಅದರ ಕಂತು ಸಂಬಳದ ಏರಿಕೆಯನ್ನೇ ನುಂಗಿಬಿಡಬಹುದು.

ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿಗೆ ನೀವು ಅರ್ಹರು. ₹16,000ವನ್ನು 26ರಿಂದ ಭಾಗಿಸಿ, 15ರಿಂದಲೂ ಏಳು ವರ್ಷಗಳಿಂದಲೂ ಗುಣಿಸಿದರೆ ₹64,600ರಷ್ಟಾಗುತ್ತದೆ. ತರಬೇತಿ ಕೇಂದ್ರದವರು ಕೇಳುತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿ. ಪಿಎಫ್ ಹಣವನ್ನು ಮಾತ್ರ ತೆಗೆಯಬೇಡಿ. ಹೊಸ ಕಂಪನಿಯಲ್ಲಿ ಹಳೆಯ ಯುಎಎನ್ ಕೊಟ್ಟು ವರ್ಗಾಯಿಸಿಕೊಳ್ಳಿ, ಏಕೆಂದರೆ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು, ನಿಮಗೆ ಇನ್ನು ಮೂರೇ ವರ್ಷ ಬಾಕಿ ಇದೆ.

ಮರುಪ್ರಶ್ನೆ: ಹಾಸನದವ

ಎಲ್ಲರಿಗೂ ಧನ್ಯವಾದಗಳು. ಕೋರ್ಸಿನ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಮೈಕ್ರಾನ್ ಅವರೇ, ಪ್ರೋಗ್ರಾಮಿಂಗ್ ಕಲಿತರೂ ಅನುಭವವಿಲ್ಲ ಎಂದು ಬೇರೆಯವರು ತಿರಸ್ಕರಿಸಿದರೆ ಏನು ಮಾಡುವುದು? ಈಗಿನ ಮಾಲೀಕರಲ್ಲಿಯೇ ಕೇಳಿದರೆ, ಕೆಲಸ ಬಿಡುವ ಯೋಚನೆಯಲ್ಲಿದ್ದಾನೆ ಎಂದುಕೊಳ್ಳುವರೇನೋ ಎಂಬ ಅಳುಕೂ ಇದೆ.

ಉತ್ತರ: ಮೈಕ್ರಾನ್

ಮಾಲೀಕರಲ್ಲಿ ಕೇಳುವುದೇ ಸರಿ. ಜಾಬ್‌ವರ್ಕ್ ಕಾರ್ಖಾನೆಯಲ್ಲಿ ಪ್ರೋಗ್ರಾಮರ್ ಒಬ್ಬರೇ ಇದ್ದು ಅವರು ರಜೆ ಹಾಕಿದರೆ ಯಂತ್ರಗಳು ನಿಲ್ಲುತ್ತವೆ. ಎರಡನೆಯವರೊಬ್ಬರು ತಯಾರಾಗುವುದು ಅವರಿಗೂ ಬೇಕಾದದ್ದೇ. ರಾತ್ರಿ ಪಾಳಿಯಲ್ಲಿ ಪ್ರೋಗ್ರಾಂ ತಿದ್ದಬೇಕಾಗಿ ಬಂದಾಗ ಯಾರನ್ನೂ ಎಬ್ಬಿಸದೆ ನಾನೇ ಮಾಡುತ್ತೇನೆ, ಅದಕ್ಕೆ ಸಾಫ್ಟ್‌ವೇರ್ ಬಳಸಲು ಬಿಡಿ ಎಂದು ಕೇಳಿ. ಸರಳವಾದ ಪೀಸುಗಳಿಂದ ಶುರುಮಾಡಿ ಪೂರ್ತಿ ಪ್ರೋಗ್ರಾಂ ಹಾಕತೊಡಗಿದ ಮೇಲೆ, ಸೆಟ್ಟರ್ ಕಮ್ ಪ್ರೋಗ್ರಾಮರ್ ಎಂದು ಹುದ್ದೆಯ ಹೆಸರು ಬದಲಾಯಿಸಿ ಪತ್ರ ಕೊಡುವಂತೆ ಕೇಳಿ. ಆ ಸಲ ಸಂಬಳ ಹೆಚ್ಚಿಸದಿದ್ದರೂ ಪತ್ರವನ್ನು ಬಿಡಬೇಡಿ, ಬೇರೆ ಕಡೆ ನಿಮ್ಮ ಅನುಭವದ ಲೆಕ್ಕ ಆ ದಿನಾಂಕದಿಂದಲೇ ಶುರುವಾಗುತ್ತದೆ. ಗ್ರಾಹಕರ ಡ್ರಾಯಿಂಗುಗಳನ್ನು ಮಾತ್ರ ಸಂದರ್ಶನಕ್ಕೆ ಕೊಂಡೊಯ್ಯಬೇಡಿ, ಅವು ಗೋಪ್ಯವಾದವು. ತೋರಿಸಲು ಬೇಕಾದ ಮಾದರಿಗಳನ್ನು ಮನೆಯಲ್ಲಿ ನೀವೇ ಬಿಡಿಸಿ, ಅವುಗಳಿಗೆ ಟೂಲ್‌ಪಾತ್ ಹಾಕಿಟ್ಟುಕೊಳ್ಳಿ.