‘ಮೌಲ್ಯಮಾಪನ’ ಅಂದ್ರೆ ಬೆಲೆ ಕಟ್ಟೋದಾ? ಹೈಟೆನ್ಷನ್ ಲೈನಿನ ದಾರಿ ಮತ್ತು ಕೆಲವು ಪದಗಳು

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕು. ಶುರುವಾದಾಗ ಒಂದೇ ಪದ ಇತ್ತು. ಈಗ ಅದರ ಜೊತೆ ಇನ್ನೂ ನಾಲ್ಕೈದು ಸೇರಿಕೊಂಡಿವೆ.

ನಾನು ಶಿರಾ ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ನಮ್ಮೂರ ಹೊಲಗಳ ಮೇಲೆ ಹೊಸ ಹೈಟೆನ್ಷನ್ ಲೈನ್ ಹಾದುಹೋಗುವ ಮಾತು ನಡೆದಿದೆ. ತುಮಕೂರು ಜಿಲ್ಲೆಗೆ ಇದು ಹೊಸದಲ್ಲ. ಪಾವಗಡದ ಸೋಲಾರ್ ಪಾರ್ಕ್ ಒಂದರಲ್ಲೇ 2,050 ಮೆಗಾವ್ಯಾಟ್ ಸಾಮರ್ಥ್ಯ ಇದೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅಷ್ಟು ಕರೆಂಟನ್ನು ಪಾವಗಡದವರೇ ಬಳಸಿ ಮುಗಿಸಲಾಗದು. ಹೊರಗೆ ಹೋಗಬೇಕಾದರೆ ಯಾರದೋ ಹೊಲ, ಯಾವುದೋ ಕೆರೆ ದಾಟಿಯೇ ಹೋಗಬೇಕು.

ನಮ್ಮ ಲೈನಿನ ಬಗ್ಗೆ ನಾಲ್ಕು ಪುಟದ ಕನ್ನಡ ಸಾರಾಂಶವೊಂದು ಪಂಚಾಯ್ತಿಗೆ ಬಂತು. ‘ಮೇಡಂ, ಇದನ್ನ ಒಸಿ ಓದಿ ಹೇಳಿ’ ಅಂತ ನನ್ನ ಕೈಗೆ ಕೊಟ್ಟರು. ಸಂಜೆ ಅರಳಿಕಟ್ಟೆ ಹತ್ತಿರ ಮೂವತ್ತು ಜನ ಸೇರಿದ್ದರು. ಮೊದಲ ಪುಟದ ತಲೆಬರಹ ಓದಿದೆ: ‘ಪರಿಸರ ಪರಿಣಾಮ ಮೌಲ್ಯಮಾಪನ’. ಇಂಗ್ಲಿಷಿನ ‘ಎನ್ವಿರಾನ್‌ಮೆಂಟಲ್ ಇಂಪ್ಯಾಕ್ಟ್ ಅಸೆಸ್‌ಮೆಂಟ್’ಗೆ ಇಟ್ಟಿರುವ ಕನ್ನಡ ಹೆಸರು.

ಮುಂದಿನ ಸಾಲಿಗೆ ಹೋಗುವ ಮೊದಲೇ ಹಿರಿಯರೊಬ್ಬರು ಕೇಳಿದರು. ‘ತೆಂಗಿನ ಮರಕ್ಕೆ ಎಷ್ಟು ಹಾಕವ್ರಂತಮ್ಮ?’

ಆಮೇಲೆ ಒಂದು ಗಂಟೆ ದುಡ್ಡಿನ ಮಾತೇ ನಡೆಯಿತು. ಮರಕ್ಕೆಷ್ಟು, ಬೋರ್‌ವೆಲ್‌ಗೆ ಎಷ್ಟು, ಗುಂಟೆಗೆ ಎಷ್ಟು. ಲೈನ್ ಯಾವ ಕಡೆ ಹೋದರೆ ಕೆರೆಗೆ ಒಳ್ಳೆಯದು, ಹಕ್ಕಿಗಳಿಗೆ ಒಳ್ಳೆಯದು ಅಂತ ಯಾರೂ ಕೇಳಲಿಲ್ಲ. ಆ ಪ್ರಶ್ನೆ ಕೇಳಬಹುದು ಅಂತಲೇ ಅವರಿಗೆ ಗೊತ್ತಾಗಲಿಲ್ಲ. ತಪ್ಪು ಅವರದ್ದಲ್ಲ. ಆ ಪದವೇ ಹಾಗಿದೆ.

‘ಮೌಲ್ಯ’ ಅಂದ್ರೆ ನಮ್ಮ ಜನಕ್ಕೆ ಬೆಲೆ. ಮೌಲ್ಯಮಾಪನ ಅನ್ನೋ ಪದ ಅವರು ಎರಡೇ ಕಡೆ ಕೇಳಿದ್ದಾರೆ. ಒಂದು, ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ. ಇನ್ನೊಂದು, ಬ್ಯಾಂಕಿನವರು ಸಾಲ ಕೊಡುವ ಮುಂಚೆ ಬಂದು ಮನೆ, ಜಮೀನು ನೋಡಿಕೊಂಡು ಹೋಗುವುದು. ಎರಡರಲ್ಲೂ ವಸ್ತು ಆಗಲೇ ಇದೆ. ಬರೆದು ಮುಗಿಸಿದ ಪತ್ರಿಕೆ, ಕಟ್ಟಿ ಮುಗಿಸಿದ ಮನೆ. ಅದಕ್ಕೆ ಅಂಕ ಹಾಕಬೇಕು ಇಲ್ಲವೇ ಬೆಲೆ ಕಟ್ಟಬೇಕು. ಇಲ್ಲಿ ನಡೆಯಬೇಕಾದ ಕೆಲಸ ಇದಕ್ಕೆ ಪೂರಾ ಉಲ್ಟಾ. ಲೈನ್ ಇನ್ನೂ ಬಂದಿಲ್ಲ. ಎರಡು ಮೂರು ದಾರಿಗಳನ್ನು ನಕ್ಷೆಯ ಮೇಲೆ ಎಳೆದು, ಯಾವುದರಲ್ಲಿ ಕಾಡು ಕಡಿಮೆ ಹೋಗುತ್ತೆ, ಯಾವುದು ಕೆರೆ ಅಂಗಳ ತಪ್ಪಿಸುತ್ತೆ, ಯಾವುದು ಮನೆಗಳಿಂದ ದೂರ ಇದೆ ಅಂತ ಹೋಲಿಸಿ ನೋಡಬೇಕು. ಆಮೇಲೆ ಒಂದನ್ನು ಆರಿಸಬೇಕು. ಮೌಲ್ಯಮಾಪನ ಅಂದಕೂಡಲೇ ಈ ‘ಮೊದಲೇ’ ಅನ್ನೋದೂ ಹೋಯ್ತು, ‘ಹೋಲಿಸಿ’ ಅನ್ನೋದೂ ಹೋಯ್ತು.

ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಿ ಅಂತ ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ‘ಅಸೆಸ್‌ಮೆಂಟ್’ ಅಂದ್ರೆ ಇನ್ನೂ ಕಷ್ಟ. ನಮ್ಮ ಪಂಚಾಯ್ತಿಯಲ್ಲಿ ಮನೆ ಕಂದಾಯದ ರಸೀದಿಯ ಮೇಲೆ ಅಸೆಸ್‌ಮೆಂಟ್ ನಂಬರ್ ಅಂತಲೇ ಇರುತ್ತೆ. ಮತ್ತೆ ದುಡ್ಡಿಗೇ ಬಂದು ನಿಲ್ಲುತ್ತೆ, ಅಲ್ವಾ?

‘ಅಂದಾಜು’ ಹಾಕಿ ನೋಡಿದೆ. ಎಲ್ಲರ ಬಾಯಲ್ಲೂ ಇರುವ ಪದ. ಆದರೆ ಅಂದಾಜು ಅಂದ್ರೆ ಒಂದು ಕಡೆ ಸುಮಾರಾಗಿ ಹೇಳುವುದು, ಇನ್ನೊಂದು ಕಡೆ ಎಂಜಿನಿಯರ್ ಬರೆಯುವ ಖರ್ಚಿನ ಪಟ್ಟಿ. ‘ಅಧ್ಯಯನ’ ತಪ್ಪಲ್ಲ, ಆದರೆ ತುಂಬಾ ಮೆತ್ತಗಿನ ಪದ. ಓದಿ ಬದಿಗಿಟ್ಟರೂ ಅಧ್ಯಯನವೇ. ಕೆಲವರು ‘ಪರಿಣಾಮ’ದ ಜಾಗದಲ್ಲಿ ‘ಆಘಾತ’ ಅಂತ ಬರೆದಿದ್ದನ್ನೂ ಓದಿದ್ದೇನೆ. ಅದನ್ನು ಕೇಳಿದರೆ ಕರೆಂಟ್ ಶಾಕ್ ನೆನಪಾಗುತ್ತೆ. ಲೈನಿನ ವಿಚಾರದಲ್ಲಿ ಅದನ್ನಂತೂ ಬಳಸಬಾರದು ಅನ್ನೋದು ನನ್ನ ಅಭಿಪ್ರಾಯ. ‘ಪ್ರಭಾವ’ ಅಂದ್ರೆ ಯಾರೋ ದೊಡ್ಡವರ ಕೈ ಇದೆ ಅನ್ನೋ ಅರ್ಥ ಬರುತ್ತೆ.

ನನಗೆ ಸದ್ಯಕ್ಕೆ ಹತ್ತಿರ ಅನ್ನಿಸಿರುವುದು ‘ಸಾಧಕ-ಬಾಧಕ’. ಮದುವೆ ಮಾತುಕತೆಯಲ್ಲಿ, ಎತ್ತು ಕೊಳ್ಳುವಾಗ, ಬೋರ್ ಕೊರೆಸುವಾಗ ನಮ್ಮ ಜನ ಈ ಮಾತು ಆಡುತ್ತಾರೆ. ‘ಸಾಧಕ-ಬಾಧಕ ನೋಡ್ಕಂಡು ಮುಂದುವರಿ’ ಅಂತಾರೆ. ಮುಂದುವರಿಯುವ ಮೊದಲೇ ನೋಡುವುದು ಅನ್ನೋದು ಆ ಮಾತಿನೊಳಗೇ ಇದೆ. ಬೇಡ ಅನ್ನುವ ದಾರಿಯೂ ತೆರೆದಿದೆ. ‘ಅಳೆದು ತೂಗಿ ನೋಡು’ ಅನ್ನೋದೂ ಇದೆ. ಆದರೆ ಅದನ್ನು ತಲೆಬರಹ ಮಾಡುವುದು ಕಷ್ಟ. ‘ಲೈನಿನ ದಾರಿ: ಪರಿಸರದ ಸಾಧಕ-ಬಾಧಕ’ ಅಂತ ಬರೆದರೆ ಸರಿಯಾಗುತ್ತಾ? ಸಾಧಕ ಅನ್ನೋ ಅರ್ಧ ಇಲ್ಲಿ ಹೊಂದುತ್ತಾ ಅನ್ನೋ ಅನುಮಾನ ನನಗಿದೆ. ತಂತಿಯಿಂದ ಕೆರೆಗೆ ಯಾವ ಸಾಧಕ? ಬಲ್ಲವರು ಹೇಳಿ.

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಯಾವ ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ಗಣಿ ಇದೆ, ಅಣೆಕಟ್ಟು ಇದೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇದೆ. ಟವರ್ ಲೈನ್ ಇಲ್ಲ. ಹಾಗಾಗಿ ಗಣಿಗೆ ನಡೆಯುವ ಹಾಗೆ ಲೈನಿಗೆ ಕಡ್ಡಾಯದ ಅಹವಾಲು ಸಭೆ ನಡೆಯುವುದಿಲ್ಲ. ದಾರಿಯಲ್ಲಿ ಅರಣ್ಯ ಜಮೀನು ಸಿಕ್ಕರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಒಪ್ಪಿಗೆ ಬೇಕು. ಉಳಿದಂತೆ ಪರಿಸರದ ಅಧ್ಯಯನ ನಡೆಯುವುದು ಕಂಪನಿಯದೇ ನೀತಿಯ ಪ್ರಕಾರ, ಇಲ್ಲವೇ ಸಾಲ ಕೊಡುವ ಬ್ಯಾಂಕಿನ ಷರತ್ತಿನ ಪ್ರಕಾರ. ಅಂದ್ರೆ ಊರಿನವರ ಕೈಗೆ ಸಿಗುವುದು ಈ ನಾಲ್ಕು ಪುಟ ಮಾತ್ರ. ಅದರ ತಲೆಬರಹವೇ ದಾರಿ ತಪ್ಪಿಸಿದರೆ ಮುಂದೆ ಕೇಳುವ ಅವಕಾಶ ಎಲ್ಲಿದೆ?

ಎರಡನೇ ಪದ ‘ಪರಿಹಾರ’. ಇದು ಇನ್ನೂ ಜಾಸ್ತಿ ತೊಂದರೆ ಕೊಟ್ಟಿತು. ಮೂರನೇ ಪುಟದಲ್ಲಿ ಒಂದು ಸಾಲು ಹೀಗಿದೆ: ‘ಪಕ್ಷಿಗಳಿಗೆ ಸೂಕ್ತ ಪರಿಹಾರ ಕ್ರಮ ಕೈಗೊಳ್ಳಲಾಗುವುದು’. ಓದಿದಾಗ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಕ್ಕಿಗೆ ಪರಿಹಾರವಾ? ಮೂಲದಲ್ಲಿ ಇದ್ದದ್ದು ‘ಮಿಟಿಗೇಷನ್’ ಇರಬೇಕು. ತೊಂದರೆಯನ್ನು ತಗ್ಗಿಸುವುದು. ಕನ್ನಡದಲ್ಲಿ ಪರಿಹಾರ ಅಂದ್ರೆ ಸಮಸ್ಯೆಗೆ ಉತ್ತರವೂ ಹೌದು, ನಷ್ಟಕ್ಕೆ ಕೊಡುವ ಹಣವೂ ಹೌದು. ಜಮೀನಿನ ಮಾತು ನಡೆಯುವ ಕಡೆ ಎರಡನೇ ಅರ್ಥವೇ ಗೆಲ್ಲುತ್ತೆ.

ಅದಕ್ಕೂ ಕಾರಣ ಇದೆ. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ, ಬೇರೆಯವರ ಜಮೀನಿನಲ್ಲಿ ಕಂಬ ನೆಟ್ಟು ತಂತಿ ಎಳೆಯುವ ಅಧಿಕಾರವನ್ನು 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಪ್ರಕಾರ ಲೈನ್ ಎಳೆಯುವವರಿಗೂ ಕೊಡಬಹುದು. ಜಮೀನನ್ನು ಕೊಳ್ಳಬೇಕಾಗಿಲ್ಲ. ಪಹಣಿ ರೈತನ ಹೆಸರಲ್ಲೇ ಇರುತ್ತೆ, ಟವರ್ ಮಾತ್ರ ನಿಲ್ಲುತ್ತೆ. ಆದ ನಷ್ಟಕ್ಕೆ ದುಡ್ಡು ಕೊಡಬೇಕು. ಕೇಂದ್ರದ 2024ರ ಮಾರ್ಗಸೂಚಿಯಲ್ಲಿ ಟವರ್ ಕಾಲಿನ ಜಾಗಕ್ಕೆ ಜಮೀನಿನ ಬೆಲೆಯ 200 ಶೇಕಡಾ, ತಂತಿ ಕೆಳಗಿನ ಪಟ್ಟಿಗೆ 30 ಶೇಕಡಾ ಅಂತ ಹೇಳಿದೆ. ಇದೆಲ್ಲ ರೈತರಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕಿಯ ವಿಚಾರಕ್ಕೂ ಅದೇ ಪದ ಯಾಕೆ?

ಹಕ್ಕಿಯ ವಿಚಾರ ನಮಗೆ ಸಣ್ಣದಲ್ಲ. ಕಗ್ಗಲಡು ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಆ ಮರಗಳ ಹಣ್ಣನ್ನೂ ಕೀಳದೆ ಬಿಟ್ಟುಕೊಟ್ಟಿದ್ದಾರೆ. ಕೊಕ್ಕರೆಗಳು ಮೀನಿಗೆ ಸುತ್ತಲಿನ ಕೆರೆಗಳಿಗೆ ಹೋಗಿ ಬರುತ್ತವೆ. ದೊಡ್ಡ ರೆಕ್ಕೆಯ ಹಕ್ಕಿ, ಗಕ್ಕನೆ ತಿರುಗಿ ತಪ್ಪಿಸಿಕೊಳ್ಳಲಾಗದು. ಲೈನಿನ ಎಲ್ಲಕ್ಕಿಂತ ಮೇಲೆ ಅರ್ತ್ ವೈರ್ ಅಂತ ಒಂದು ತೆಳ್ಳನೆ ತಂತಿ ಇರುತ್ತೆ. ಕೆಳಗಿನ ದಪ್ಪ ತಂತಿಗಳನ್ನು ನೋಡಿ ಮೇಲೆ ಏರಿದ ಹಕ್ಕಿ ಇದಕ್ಕೆ ಬಡಿಯುತ್ತೆ. ಅದಕ್ಕೇ ಆ ತಂತಿಗೆ ಅಲ್ಲಲ್ಲಿ ಬಿಲ್ಲೆ, ಇಲ್ಲವೇ ಸುರುಳಿ ನೇತುಹಾಕುತ್ತಾರೆ, ಹಕ್ಕಿಗೆ ದೂರದಿಂದಲೇ ಕಾಣಲಿ ಅಂತ. ಮೂರನೇ ಪುಟದ ‘ಪರಿಹಾರ ಕ್ರಮ’ ಅಂದ್ರೆ ಇದು! ‘ಹಕ್ಕಿ ಬಡಿಯದ ಹಾಗೆ ತಂತಿಗೆ ಬಿಲ್ಲೆ ಕಟ್ಟುತ್ತೇವೆ’ ಅಂತ ಬರೆದಿದ್ದರೆ ಮಕ್ಕಳಿಗೂ ಅರ್ಥವಾಗುತ್ತಿತ್ತು. ಯಾವ ಕೆರೆ ಹತ್ತಿರ, ಎಷ್ಟು ದೂರಕ್ಕೆ ಒಂದು ಅಂತ ಜನ ಕೇಳುತ್ತಿದ್ದರು. ನನ್ನ ಸಲಹೆ: ದುಡ್ಡಿಗೆ ಪರಿಹಾರ, ಉಳಿದದ್ದಕ್ಕೆ ‘ತಗ್ಗಿಸುವ ಕ್ರಮ’. ‘ಉಪಶಮನ’ ಅನ್ನುವವರೂ ಇದ್ದಾರೆ, ಅದು ಔಷಧಿ ಅಂಗಡಿಯ ಪದದ ಹಾಗಿದೆ.

ಇನ್ನು ‘ಮಾರ್ಗ’. ಸರ್ಕಾರಿ ಕನ್ನಡದಲ್ಲಿ ಲೈನ್ ಅಂದ್ರೆ ವಿದ್ಯುತ್ ಮಾರ್ಗ. ಲೈನ್ ಚಾಲೂ ಮಾಡುವ ಮೊದಲು ‘ವಿದ್ಯುತ್ ಮಾರ್ಗದ ಗೋಪುರಗಳನ್ನು ಹತ್ತಬಾರದು, ದನಕರು ಕಟ್ಟಬಾರದು’ ಅಂತ ಪೇಪರಿನಲ್ಲಿ ಪ್ರಕಟಣೆ ಬರುತ್ತಲ್ಲ, ಅದೇ. ಲೈನ್ ಹೋಗುವ ದಾರಿಗೂ ಮಾರ್ಗವೇ. ಸಾರಾಂಶದಲ್ಲಿ ‘ಪರ್ಯಾಯ ಮಾರ್ಗ’ ಅಂತ ಇತ್ತು. ಬೇರೆ ಲೈನಾ, ಇದೇ ಲೈನಿಗೆ ಬೇರೆ ದಾರಿಯಾ? ನಾನೇ ಎರಡು ಸಲ ಓದಬೇಕಾಯಿತು. ತಂತಿಗೆ ‘ಲೈನ್’, ಅದು ಹೋಗುವ ಜಾಗಕ್ಕೆ ‘ದಾರಿ’ ಅಂದುಬಿಟ್ಟರೆ ಗೊಂದಲವೇ ಇಲ್ಲ. ‘ಟ್ರಾನ್ಸ್‌ಮಿಷನ್’ಗೆ ಬಳಸುವ ‘ಪ್ರಸರಣ’ದ ಬಗ್ಗೆಯೂ ನನಗೆ ತಕರಾರಿದೆ. ಪ್ರಸರಣ ಅಂದ್ರೆ ಹರಡುವುದು, ಇದು ಸಾಗಿಸುವುದು. ಆದರೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಹೆಸರಿನಲ್ಲೇ ಆ ಪದ ಕೂತಿದೆ, ಬಿಡಿ.

ಒಂದು ಪದವನ್ನು ಮಾತ್ರ ನಾನು ಬಿಡಲಾರೆ. ‘ತಂತಿ ಕೆಳಗಿನ ಮರಗಳನ್ನು ಸವರಲಾಗುವುದು’ ಅಂತ ಬರೆದಿದ್ದಾರೆ. ಸವರುವುದು ಒಳ್ಳೆಯ ಕನ್ನಡ ಪದ. ಬೇವು, ಹೊಂಗೆ, ಜಾಲಿಯ ರೆಂಬೆ ಸವರಬಹುದು, ಮುಂದಿನ ಮಳೆಗೆ ಚಿಗುರುತ್ತೆ. ತೆಂಗನ್ನು ಸವರುವುದು ಹೇಗೆ? ತೆಂಗಿಗೆ ರೆಂಬೆ ಇಲ್ಲ. ತುದಿಯಲ್ಲಿ ಒಂದೇ ಸುಳಿ. ಮೇಲಿಂದ ನಾಲ್ಕು ಅಡಿ ಕಡಿದರೂ ಅಷ್ಟೇ, ಬುಡಕ್ಕೆ ಕಡಿದರೂ ಅಷ್ಟೇ, ಮರ ಸತ್ತ ಹಾಗೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಈ ಸಾಲು ಕೇಳಿ ‘ಸುಳಿ ತೆಗೆದ್ಮೇಲೆ ಇನ್ನೇನು ಸವರ್ತಾರವ್ವ?’ ಅಂದರು. ಯಾರೂ ಮಾತಾಡಲಿಲ್ಲ. ಕಲ್ಪತರು ನಾಡು ಅಂತ ಕರೆಸಿಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿಗೆ ಬರೆಯುವಾಗ ‘ತೆಂಗಿನ ಮರ ಕಡಿಯಲಾಗುವುದು’ ಅಂತಲೇ ಬರೆಯಬೇಕು. ಸತ್ಯ ಕಹಿ ಅಂತ ಮೆತ್ತನೆ ಪದ ಹುಡುಕಬಾರದು.

ಹಾಗೆಯೇ ‘ಖರಾಬು’. ಕಂದಾಯದ ಲೆಕ್ಕದಲ್ಲಿ ಸಾಗುವಳಿಗೆ ಬಾರದ ಜಾಗ. ಮೂಲ ಅರ್ಥ ಕೆಟ್ಟದ್ದು, ಹಾಳಾದದ್ದು. ಸಾರಾಂಶದಲ್ಲಿ ಒಂದು ದಾರಿಯನ್ನು ‘ಬಹುಪಾಲು ಖರಾಬು ಜಮೀನು’ ಅಂತ ಹೊಗಳಿದ್ದಾರೆ. ಕುರಿ ಮೇಯುವ ಹುಲ್ಲು, ಹಳ್ಳ, ಕುರುಚಲು ಎಲ್ಲವೂ ಈ ಒಂದು ಪದದೊಳಗೆ ಮುಚ್ಚಿಹೋಗಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಬದುಕಿರುವುದು ಇಂಥ ಬಯಲಿನಲ್ಲೇ. ಪಹಣಿಯಲ್ಲಿ ಖರಾಬು ಅಂತಿರಲಿ. ಪರಿಸರದ ಪುಟದಲ್ಲಿ ಹುಲ್ಲುಗಾವಲನ್ನು ಹುಲ್ಲುಗಾವಲು ಅಂತಲೇ ಕರೆಯಬೇಕು ಅನ್ನೋದು ನನ್ನ ಹಟ.

ಕೊನೆಗೆ ಒಂದು ಕೇಳುವುದಿದೆ. ತಂತಿಯ ಕೆಳಗೆ, ಎರಡೂ ಬದಿಗೆ ಬಿಡಬೇಕಾದ ಪಟ್ಟಿಗೆ ಏನನ್ನೋಣ? 220 ಕೆವಿ (ಕಿಲೋವೋಲ್ಟ್) ಲೈನಿಗೆ 35 ಮೀಟರ್ ಅಗಲ, 400 ಕೆವಿಗೆ 46 ಮೀಟರ್. ಸಾರಾಂಶದಲ್ಲಿ ‘ಮಾರ್ಗಾಧಿಕಾರ ಪಟ್ಟಿ’ ಅಂತ ಇದೆ. ಅವತ್ತು ಅದನ್ನು ನಾನು ಬಿಡಿಸಿ ಹೇಳಲು ಹೆಣಗುತ್ತಿದ್ದಾಗ, ಪಕ್ಕದೂರಲ್ಲಿ ಹಳೇ ಲೈನಿನ ಕೆಳಗೆ ಜಮೀನಿರುವ ರೈತರೊಬ್ಬರು ‘ತಂತಿ ನೆಳ್ಳು ಕಣ್ರಮ್ಮ’ ಅಂದರು. ‘ತಂತಿ ನೆಳ್ಳಾಗೆ ರಾಗಿ ಹಾಕ್ಬೋದು, ತೆಂಗು ಇಡಂಗಿಲ್ಲ.’ ಎರಡೇ ಮಾತಿನಲ್ಲಿ ಎಲ್ಲರಿಗೂ ತಿಳಿಯಿತು. ನೆರಳು ಅಂದ್ರೆ ಬಿಸಿಲಿನ ಜೊತೆ ಸರಿಯುವಂಥದ್ದು, ಈ ಪಟ್ಟಿ ಸರಿಯುವುದಿಲ್ಲ. ಅಷ್ಟು ಬಿಟ್ಟರೆ ನನಗೆ ಈ ಪದ ಬಹಳ ಹಿಡಿಸಿದೆ. ಇದು ಅವರೊಬ್ಬರ ಮಾತಾ, ಇಲ್ಲ ಬೇರೆ ಕಡೆಯೂ ಇದೆಯಾ? ಪಾವಗಡ, ಮಧುಗಿರಿ, ಗೌರಿಬಿದನೂರು, ಕೋಲಾರದ ಕಡೆಯವರು ದಯವಿಟ್ಟು ನಿಮ್ಮೂರಿನಲ್ಲಿ ಕೇಳಿ ಬರೆಯಿರಿ. ಆ ಕಡೆ ತೆಲುಗಿನಿಂದ ಬಂದ ಪದ ಇದ್ದರೂ ಸರಿ.

ಗ್ರಾಮಸಭೆ ಬರುವ ಗುರುವಾರ. ನಾಲ್ಕು ಪುಟವನ್ನು ನಮ್ಮ ಮಾತಿನಲ್ಲಿ ಎರಡು ಪುಟಕ್ಕೆ ಬರೆದು ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಒಳಗಿನದು ಮುಕ್ಕಾಲು ಮುಗಿದಿದೆ. ತಲೆಬರಹದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.